ಬೆಟಗೇರಿ ಚರ್ಚಿನ ಹುಡುಗರೂ ನನ್ನ ಪುಂಡಿ ಹಗ್ಗವೂ

ಹೋದ ಡಿಸೆಂಬರಿನಲ್ಲಿ ನಮ್ಮ ಶಾಲೆಯ ಸ್ಕೌಟ್ ಟ್ರೂಪಿನ ಹದಿನೆಂಟು ಹುಡುಗರು ಮತ್ತು ಬೆಟಗೇರಿಯ ಒಂದು ಚರ್ಚಿನ ಹುಡುಗರ ದಳದ ಹದಿನಾಲ್ಕೋ ಹದಿನೈದೋ ಮಂದಿ ಕೂಡಿ, ಊಟದ ಹೊತ್ತಿಗೆ ಬಿದಿರು ಹಗ್ಗ ಕಟ್ಟಿ ಹನ್ನೆರಡು ಅಡಿಯ ಕ್ಯಾಂಪ್ ಗೇಟ್, ಅಂದರೆ ಶಿಬಿರದ ಬಾಗಿಲು, ಎಬ್ಬಿಸಿ ನಿಲ್ಲಿಸಿದರು. ನಾಲ್ಕು ಹುಡುಗರು ಜೋತುಬಿದ್ದರೂ ಮಿಸುಕಲಿಲ್ಲ. "ಎರಡು ಗುಂಪು ಒಂದ ಹಗ್ಗಕ್ಕ ಬರೂದಿಲ್ಲ ಬಿಡ್ರಿ ಸರ" ಎಂದು ಸ್ಟಾಫ್ ರೂಮಿನಲ್ಲಿ ನಕ್ಕವರಿಗೆಲ್ಲ ಅವತ್ತೇ ಫೋಟೋ ಕಳಿಸಿದೆ. ಈಗ ಮೂರು ಕಡೆಯ ಸ್ಕೌಟ್ ಮಾಸ್ಟರುಗಳು ಹೇಗೆ ಮಾಡಿದಿರಿ ಎಂದು ಕೇಳುತ್ತಿದ್ದಾರೆ. ಬಿದಿರಿಗೆ ಹಗ್ಗ ಬಿಗಿಯುವ ಕ್ಲೋವ್ ಹಿಚ್ ಗಂಟು ಹೇಗೆ, ಎರಡು ಬಿದಿರು ಅಡ್ಡಡ್ಡ ಕಟ್ಟುವ ಸ್ಕ್ವೇರ್ ಲ್ಯಾಶಿಂಗಿಗೆ ಎಷ್ಟು ಸುತ್ತು ಎಂದು ನಿಮಗೆ ಹೇಳುವ ಅಗತ್ಯವಿಲ್ಲ. ಎಡವಿದ್ದೆಲ್ಲಿ ಅನ್ನುವುದನ್ನಷ್ಟೇ ಹೇಳುತ್ತೇನೆ.

ಮೊದಲ ಸಲ ಆ ಚರ್ಚಿಗೆ ಹೋದದ್ದು ಭಾನುವಾರ. ದಡ್ಡತನ ಅಲ್ಲಿಂದಲೇ ಶುರು. ಫುಲ್ ಯೂನಿಫಾರ್ಮ್, ಇಸ್ತ್ರಿ ಹಾಕಿದ ಸ್ಕಾರ್ಫ್, ಎದೆ ಮೇಲಿನ ಬ್ಯಾಡ್ಜೆಲ್ಲ ಹೊಳಪಿಸಿಕೊಂಡು ಹತ್ತು ಗಂಟೆಗೆ ಹೋದರೆ ಒಳಗೆ ಆರಾಧನೆ ನಡೆದಿತ್ತು. ಹಿಂದಿನ ಬೆಂಚಿನಲ್ಲಿ ಒಂದೂವರೆ ತಾಸು ಕೂತೆ. ಮುಗಿದದ್ದೇ ತಡ ಹುಡುಗರು ಮನೆ ಹಾದಿ ಹಿಡಿದರು. ಉಳಿದವರು ಐದು ಮಂದಿ, ಜೊತೆಗೆ ದಳ ನೋಡಿಕೊಳ್ಳುವ ಒಬ್ಬ ತರುಣ. ಹುಡುಗರು ಅವನನ್ನು ಬ್ರದರ್ ಅನ್ನುತ್ತಾರೆ. ಸ್ಕೌಟರ ರೂಢಿಯಂತೆ ಕೈಕುಲುಕಲು ನಾನು ಎಡಗೈ ಚಾಚಿದೆ, ಅವನು ಬಲಗೈ ಚಾಚಿದ. ಎರಡೂ ಕೈ ಗಾಳಿಯಲ್ಲಿ ನಿಂತವು. ಸ್ಕೌಟ್ ಅಲ್ಲದವನಿಗೆ ನಮ್ಮ ಕಡೆ ಎಡಗೈ ಕೊಟ್ಟರೆ ಏನಂದುಕೊಂಡಾನು ಅನ್ನುವ ಬುದ್ಧಿ ಇಪ್ಪತ್ತೆರಡು ವರ್ಷ ಸ್ಕೌಟ್ ಮಾಸ್ಟರ್ ಆದವನಿಗೆ ಇರಬೇಕಿತ್ತು.

ಆಮೇಲೆ ಭಾಷಣ. ಸ್ಕೌಟ್ ಚಳವಳಿ ಕಟ್ಟಿದ ಬೇಡನ್ ಪೊವೆಲ್ಲರಿಂದ ಹಿಡಿದು ಸ್ಕೌಟುಗಳಿಗೆ ಕೊಡುವ ರಾಜ್ಯ ಪುರಸ್ಕಾರದವರೆಗೆ ನಲವತ್ತು ನಿಮಿಷ. ಒಬ್ಬ ಹುಡುಗ ಕೈ ಎತ್ತಿದ. ಪ್ರಶ್ನೆ ಬಂತು ಎಂದು ಹಿಗ್ಗಿದರೆ, "ಸರ, ಊಟಕ್ಕ ಹೋಗ್ಲೇನ್ರಿ?" ಅಂದ. ಹುಡುಗರು ಹೋದ ಮೇಲೆ ಆ ತರುಣ ಸಾವಕಾಶ ಹೇಳಿದ: "ಸರ, ನಮ್ಮದು ಬಾಯ್ಸ್ ಬ್ರಿಗೇಡ್ ಪದ್ಧತಿರೀ. ಅದು 1883ರಾಗ ಗ್ಲಾಸ್ಗೋದಾಗ ಶುರು ಆದದ್ದು. ನಿಮ್ಮದು 1907." ಮುಖಕ್ಕೆ ಹೊಡೆದಂತಾಯಿತು, ಆದರೆ ಮಾತು ಖರೆ. ವಿಲಿಯಂ ಅಲೆಕ್ಸಾಂಡರ್ ಸ್ಮಿತ್ ಅನ್ನುವವರು ಕಟ್ಟಿದ ಆ ದಳದಲ್ಲಿ ಬೇಡನ್ ಪೊವೆಲ್ಲರೂ ಪದಾಧಿಕಾರಿಯಾಗಿದ್ದರು. ಇಂಗ್ಲೆಂಡಿನ ಬ್ರೌನ್ಸಿ ದ್ವೀಪದಲ್ಲಿ ಅವರು ನಡೆಸಿದ ಮೊದಲ ಸ್ಕೌಟ್ ಕ್ಯಾಂಪಿನ ಸುಮಾರು ಇಪ್ಪತ್ತು ಹುಡುಗರಲ್ಲಿ ಅರ್ಧದಷ್ಟು ಬ್ರಿಗೇಡಿನವರು, ಉಳಿದವರು ಶ್ರೀಮಂತರ ಶಾಲೆಯವರು. ಅಂದರೆ ಎರಡು ನಮೂನೆಯ ಹುಡುಗರನ್ನು ಕೂಡಿಸಿಯೇ ನಮ್ಮ ಚಳವಳಿ ಶುರುವಾದದ್ದು. ಸ್ಟಾಫ್ ರೂಮಿನ ಮಿತ್ರರಿಗೆ ಇದನ್ನು ಹೇಳಿದೆ. ಅವರು ಚಹಾ ಕುಡಿದು ಎದ್ದುಹೋದರು.

ಎರಡನೇ ಸಲ ಶನಿವಾರ ಸಂಜೆ ನಾಲ್ಕಕ್ಕೆ ಹೋದೆ. ಈ ಸಲ ಭಾಷಣ ಇಲ್ಲ, ಹಗ್ಗ ಇತ್ತು. ಆದರೆ ನೈಲಾನ್ ಹಗ್ಗ. ನೋಡಲು ಚೆಂದ, ನೀಲಿ ಬಣ್ಣ, ಒಂಬೈನೂರು ರೂಪಾಯಿಯ ಹತ್ತಿರ ಸುರಿದಿದ್ದೆ. ಮೊಲ ಬಿಲದಿಂದ ಬಂತು, ಗಿಡ ಸುತ್ತಿತು ಎಂದು ಕಥೆ ಕಟ್ಟಿ, ಜಗ್ಗಿದರೂ ಬಿಗಿಯದ ಕುಣಿಕೆಯಾದ ಬೋಲೈನ್ ಗಂಟು ಹೇಳಿಕೊಟ್ಟೆ. ಬಿಗಿದು ಒಗೆದರೆ ಹೊಸ ನೈಲಾನ್ ಜಾರಿ ಬಿಚ್ಚಿಕೊಂಡಿತು. ಇನ್ನೊಮ್ಮೆ ಹಾಕಿದೆ, ಇನ್ನೊಮ್ಮೆ ಬಿಚ್ಚಿತು. "ಸರ, ಮೊಲ ಓಡಿಹೋತ್ರಿ" ಎಂದು ಹಿಂದಿನಿಂದ ಒಬ್ಬ. ಎಲ್ಲರೂ ನಕ್ಕರು. ನಾನೂ ನಕ್ಕೆ, ಬೇರೆ ಹಾದಿ ಇರಲಿಲ್ಲ.

ಸೋತು ಶೀಟ್ ಬೆಂಡ್ ಗಂಟಿಗೆ ಬಂದೆ. ಎರಡು ಹಗ್ಗ ಕೂಡಿಸುವುದು ಹೀಗೆ ಎಂದು ಶುರುಮಾಡಿದೆನೋ ಇಲ್ಲವೋ, ಮೂಲೆಯಲ್ಲಿ ಸುಮ್ಮನೆ ಕೂತಿದ್ದ ಎಂಟನೇ ಕ್ಲಾಸಿನ ಹುಡುಗ, "ಇದು ಮಗ್ಗದ ಗಂಟಲ್ರೀ ಸರ?" ಅಂದ. ತೋರಿಸು ಅಂದೆ. ಕಿಸೆಯಿಂದ ಎರಡು ತುಂಡು ನೂಲು ತೆಗೆದ. ಎಡಗೈ ಹೆಬ್ಬೆರಳು ತೋರುಬೆರಳ ನಡುವೆ ಎರಡೂ ತುದಿ ಅಡ್ಡಡ್ಡ ಹಿಡಿದ, ಬಲಗೈಯ ನೂಲನ್ನು ಹೆಬ್ಬೆರಳ ಉಗುರಿನ ಮೇಲಿಂದ ಒಂದು ಸುತ್ತು ತಂದ, ತುದಿ ಒಳಗೆ ತೂರಿಸಿ ಜಗ್ಗಿದ. ನಾನು ಕಣ್ಣು ಮಿಟುಕಿಸುವುದರೊಳಗೆ ಮುಗಿದಿತ್ತು. ಜಗ್ಗಿ ನೋಡಿದರೆ ಪಕ್ಕಾ ಶೀಟ್ ಬೆಂಡ್. ಅವನ ಅಪ್ಪ ಮಗ್ಗದ ಕೆಲಸದವನು. ಹಾಸಿನ ಎಳೆ ಕಡಿದಾಗಲೆಲ್ಲ ಮನೆಯಲ್ಲಿ ಎಲ್ಲರೂ ಹಾಕುವ ಗಂಟು ಅದು. ಬೆಟಗೇರಿ ನೇಕಾರರ ಊರು ಎಂದು ಗೊತ್ತಿದ್ದೂ ನನಗೆ ಹೊಳೆದಿರಲಿಲ್ಲ.

ಮೂರನೇ ಶನಿವಾರ ನಾನು ಒಂದು ಗಂಟನ್ನೂ ಕಲಿಸಲಿಲ್ಲ. "ನಿಮ್ಮ ಮನ್ಯಾಗ ಯಾವ್ಯಾವ ಗಂಟ ಹಾಕ್ತಾರ, ಒಬ್ಬೊಬ್ಬರು ಒಂದೊಂದು ತೋರಸ್ರಿ" ಅಂದೆ, ಅಷ್ಟೇ. ಎಮ್ಮೆ ಕಟ್ಟುವ ಗೂಟದ ಗಂಟು ಬಂತು, ಅದು ನಮ್ಮ ಕ್ಲೋವ್ ಹಿಚ್. ಟೆಂಪೋ ಡ್ರೈವರ್ ಮಗ ಲೋಡಿಗೆ ಜಗ್ಗಿ ಕಟ್ಟುವುದನ್ನು ತೋರಿಸಿದ. ಅದು ನಮ್ಮ ಸೋಪಾನದ, ಅಂದರೆ ಸ್ಕೌಟ್ ಕಲಿಕೆಯ ಹಂತಗಳ, ಪಟ್ಟಿಯಲ್ಲೇ ಇಲ್ಲ, ಆದರೆ ಗೇಟಿಗೆ ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಅದೇ. ಜೀರುಗುಣಿಕೆಯಂತೂ ಆರು ಮಂದಿಗೆ ಬರುತ್ತಿತ್ತು. ಮುಂದಿನ ವಾರ ನಮ್ಮ ಹುಡುಗರನ್ನು ಕರೆದುಕೊಂಡು ಹೋದೆ. ಎರಡೂ ಗುಂಪು ಬೆರೆಯುವುದಕ್ಕೆ ಮೊದಲ ಹತ್ತು ನಿಮಿಷ ಜೀರುಗುಣಿಕೆಯಿಂದ ಒಂದು ಆಟ ಆಡಿಸುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಜಿಲ್ಲಾ ಮೇಳ ಮುಗಿಯಲಿ.

ಪಾಲಕರ ವಿಷಯ ಕೇಳುತ್ತೀರಿ. ನಮ್ಮ ಕಡೆಯ ಇಬ್ಬರು, "ಚರ್ಚಿಗ್ಯಾಕ ಕರ್ಕೊಂಡ್ ಹೊಂಟೀರಿ ಸರ?" ಎಂದು ಬಂದರು. ನೀವೂ ಬರ್ರಿ, ಕೂತು ನೋಡ್ರಿ ಅಂದೆ. ಒಬ್ಬರು ಬಂದರು, ಸಂಜೆವರೆಗೂ ಬಿದಿರು ಹಿಡಿದುಕೊಂಡು ನಿಂತರು. ಅವರ ಪ್ರಾರ್ಥನೆ ಅವರು ಮಾಡಿದರು, ನಮ್ಮ ಪ್ರಾರ್ಥನೆ ನಾವು ಮಾಡಿದೆವು. ನಮ್ಮ ಪ್ರತಿಜ್ಞೆಯಲ್ಲೂ ದೇವರ ಹೆಸರಿದೆಯಲ್ಲ.

ಇನ್ನು ರೊಕ್ಕ. ನೈಲಾನಿನ ಒಂಬೈನೂರು ಹೊಳೆಗೆ ಹೋಯಿತು. ಬಿದಿರು ಇಪ್ಪತ್ತಾರು, ಒಂದಕ್ಕೆ ಎಪ್ಪತ್ತರಂತೆ. ಟೆಂಪೋಕ್ಕೆ ಆರುನೂರು. ಪುಂಡಿ ಹಗ್ಗಕ್ಕೆ ಮತ್ತೊಂದು ಒಂಬೈನೂರು. ಎಲ್ಲ ಕೂಡಿ ನಾಲ್ಕು ಸಾವಿರ ದಾಟಿತು. ಶಾಲೆಯಿಂದ ಸಿಕ್ಕಿದ್ದು ಒಂದೂವರೆ ಸಾವಿರ, ಉಳಿದದ್ದು ನನ್ನ ಕಿಸೆ. ಊಟ ಚರ್ಚಿನ ತಾಯಂದಿರದು: ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಅದಕ್ಕೆ ಲೆಕ್ಕ ಕೇಳಿದರೆ ಬೈದರು.

ಪುಂಡಿ ಹಗ್ಗದಲ್ಲೂ ಒಮ್ಮೆ ಕೈ ಸುಟ್ಟುಕೊಂಡೆ. ಮೆತ್ತಗಾಗಲಿ ಎಂದು ರಾತ್ರಿಯೆಲ್ಲ ಬಕೆಟ್ಟಿನಲ್ಲಿ ನೆನೆಹಾಕಿ, ಹಸಿ ಹಗ್ಗದಿಂದಲೇ ಗೇಟಿನ ಮಾದರಿ ಕಟ್ಟಿಸಿದೆ. ಮುಂಜಾನೆ ಕಲ್ಲಿನಂತೆ ಗಟ್ಟಿ. ಹನ್ನೆರಡರ ಬಿಸಿಲಿಗೆ ಹಗ್ಗ ಒಣಗಿ ಸಡಿಲಾಗಿ, ಗೇಟು ಕುಡಿದವನಂತೆ ವಾಲಿತು. ನಾರಿನ ಹಗ್ಗ ನೆನೆದರೆ ಗಿಡ್ಡಾಗುತ್ತದೆ, ಒಣಗಿದರೆ ಮತ್ತೆ ಉದ್ದವಾಗುತ್ತದೆ. ಮಳೆ ಬಂದಾಗ ಟೆಂಟಿನ ಹಗ್ಗ ಸಡಿಲಿಸಿ ಎಂದು ಹುಡುಗರಿಗೆ ಹೇಳುವ ನಾನೇ ಇದನ್ನು ಮರೆತಿದ್ದೆ. ಆಮೇಲೆ ಒಣ ಹಗ್ಗದಿಂದ ಕಟ್ಟಿ, ಬಿದಿರುಗಳ ನಡುವೆ ಸುತ್ತುವ ಬಿಗಿ ಸುತ್ತು, ಅಂದರೆ ಫ್ರ್ಯಾಪಿಂಗ್, ಬಿಗಿದ ಮೇಲೆ ಒಂದೊಂದು ತಂಬಿಗೆ ನೀರು ಹಾಕಿಸಿದೆ. ಅವತ್ತಿನ ಮಟ್ಟಿಗೆ ಬಿಗಿ. ಎರಡನೇ ದಿನಕ್ಕೆ ಮತ್ತೆ ಜಗ್ಗಬೇಕು.

ಚರ್ಚಿನ ದಳದ ಹತ್ತಿರ ಒಂದು ಡ್ರಮ್ ಇದೆ. ಡ್ರಮ್ಮಿನ ಏಟಿಗೆ ಸರಿಯಾಗಿ ಗಂಟು ಹಾಕಿಸಿ ನೋಡಿದೆ. ಕ್ಲೋವ್ ಹಿಚ್ ನಾಲ್ಕು ಏಟಿಗೆ ಚೆಂದ ಕೂತಿತು, ಗಂಟಿನಲ್ಲಿ ಹಿಂದೆ ಬಿದ್ದ ನಮ್ಮ ಹುಡುಗರೂ ಹಿಡಿದರು. ಬೋಲೈನಿಗೆ ಕೆಟ್ಟಿತು, ಎಲ್ಲರೂ ಏಟು ಎಣಿಸುತ್ತ ಹಗ್ಗ ಮರೆತರು. ಕಣ್ಣಿಗೆ ಸ್ಕಾರ್ಫ್ ಕಟ್ಟಿ ಹಾಕಿಸಿದಾಗ ಮಗ್ಗದ ಹುಡುಗನೇ ಗೆದ್ದ. ಇಪ್ಪತ್ತರಲ್ಲಿ ಹತ್ತೊಂಬತ್ತು ಸರಿ ಅಂದುಕೊಂಡಿದ್ದೇನೆ. ನನ್ನವು ಹದಿನಾರು.

ಗೇಟಿನ ದಿನ ಪೆಟ್ರೋಲುಗಳನ್ನು, ಅಂದರೆ ಹುಡುಗರ ಸಣ್ಣ ತಂಡಗಳನ್ನು, ಬೆರೆಸಿಯೇ ಮಾಡಿದ್ದೆ. ಯಾರು ಶಾಲೆಯವರು, ಯಾರು ಚರ್ಚಿನವರು ಎಂದು ಸ್ಕಾರ್ಫ್ ನೋಡಿ ಹೇಳಬೇಕಿತ್ತು. ಹತ್ತಕ್ಕೆಲ್ಲ ಸೆಕೆಗೆ ಸ್ಕಾರ್ಫುಗಳೂ ಗಿಡದ ಟೊಂಗೆಗೆ ಹೋದವು. ಬ್ರದರ್ ಈಗ ಸಿಕ್ಕಾಗ ತಾನೇ ಎಡಗೈ ಚಾಚುತ್ತಾನೆ, ನಾನು ಮರೆತು ಬಲಗೈ ಕೊಡುತ್ತೇನೆ.

ಬಿದಿರು ನಮ್ಮ ಶಾಲೆಯ ಹಿತ್ತಲಲ್ಲಿದೆ, ಹಗ್ಗ ಎಲ್ಲ ಅವರ ಕಡೆ ಉಳಿದಿದೆ. ಮಳೆಗಾಲಕ್ಕೆ ಮೊದಲು ಹಳ್ಳಕ್ಕೆ ಹಗ್ಗದ ಸೇತುವೆ ಹಾಕಬೇಕೆಂದು ಹುಡುಗರು ಬೆನ್ನುಬಿದ್ದಿದ್ದಾರೆ. ಅದಕ್ಕೆ ದಪ್ಪ ಹಗ್ಗ ಬೇಕು, ದರ ವಿಚಾರಿಸುತ್ತಿದ್ದೇನೆ.