ಚೀಲದ ಮೇಲಿನ ಪ್ರೋಟೀನ್ ಕೋಳಿಗೆ ಎಷ್ಟು ದಕ್ಕುತ್ತದೆ?

ನಮ್ಮ ಹೊಲ ಭಾಲ್ಕಿ ಕಡೆ. ಮುಂಗಾರಿನಲ್ಲಿ ಸೋಯಾ, ನಡುನಡುವೆ ತೊಗರಿ ಸಾಲು. ಮನೆ ಹಿಂದಿನ ಶೆಡ್ಡಿನಲ್ಲಿ 250 ಗಿರಿರಾಜ ಕೋಳಿಗಳಿವೆ. ಮೊದಲ ವರ್ಷ ನನಗೊಂದು ಜಾಣತನ ಹೊಳೆಯಿತು. ಸೋಯಾ ನಮ್ಮದೇ ಇದೆ, ದುಡ್ಡು ಕೊಟ್ಟು ಹಿಂಡಿ ಯಾಕೆ ತರಬೇಕು? ಗಿರಣಿಯಲ್ಲಿ ಒಡೆಸಿ, ಹಸಿಯಾಗಿಯೇ ಮರಿಗಳಿಗೆ ಹಾಕಿದೆ. ಮೂರು ವಾರವಾದರೂ ಮರಿಗಳು ಮೇಲೇಳಲಿಲ್ಲ. ಗರಿ ಸರಿಯಾಗಿ ಬರಲಿಲ್ಲ, ಹಿಕ್ಕೆ ಅಂಟಂಟು. ನಮ್ಮ ಅತ್ತೆ ಕೇಳಿದರು: "ಎಮ್ಮಿ ತಿಂದ್ರ ಏನೂ ಆಗಂಗಿಲ್ಲ, ಕೋಳಿಗೇನಾತು?"

ಕೇಳಬೇಕಾದ ಪ್ರಶ್ನೆಯೇ. ಹಸಿ ಸೋಯಾದಲ್ಲಿ ಟ್ರಿಪ್ಸಿನ್ ತಡೆಯುವ ಒಂದು ವಸ್ತು ಇರುತ್ತದೆ. ಟ್ರಿಪ್ಸಿನ್ ಅಂದರೆ ಕರುಳಿನಲ್ಲಿ ಪ್ರೋಟೀನ್ ಒಡೆಯುವ ರಸ. ಎಮ್ಮೆಯ ದೊಡ್ಡ ಹೊಟ್ಟೆಯಲ್ಲಿ ಸೂಕ್ಷ್ಮಜೀವಿಗಳು ಈ ತಡೆಯನ್ನು ಬಹಳಷ್ಟು ಮುರಿದುಹಾಕುತ್ತವೆ. ಕೋಳಿಗೂ ಹಂದಿಗೂ ಆ ಹೊಟ್ಟೆ ಇಲ್ಲ. ಹಸಿ ಸೋಯಾದಲ್ಲಿ ನೂರಕ್ಕೆ 36ರಿಂದ 38 ಭಾಗ ಪ್ರೋಟೀನ್ ಇದೆ ನಿಜ. ಆದರೆ ಮರಿಗೆ ಅದರಲ್ಲಿ ದಕ್ಕಿದ್ದು ಕಡಿಮೆ, ಉಳಿದದ್ದು ಹಿಕ್ಕೆಯಲ್ಲಿ ಹೋಯಿತು.

ಹಾಗಾಗಿ ನಿಮ್ಮದೇ ಸೋಯಾ ಹಾಕುವುದಾದರೆ ಮೊದಲು ಅದನ್ನು ಬಿಸಿ ಮಾಡಿ. ಸುಲಭದ ದಾರಿ ಕುದಿಸುವುದು: ನೆನೆಸಿದ ಕಾಳನ್ನು ಅರ್ಧ ತಾಸು ಕುದಿಸಿ, ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಆಮೇಲೆ ಒಡೆಸಿ. ಜಾಸ್ತಿ ಇದ್ದರೆ ಚುರಮುರಿ ಭಟ್ಟಿಯ ಹಾಗೆ ಬಿಸಿ ಮರಳಿನಲ್ಲಿ ಹುರಿಯಬಹುದು. ಕಾಳಿನ ಒಳಗಿನ ಬಿಸಿ 120 ಡಿಗ್ರಿ ಆಸುಪಾಸು ಬಂದರೆ ಸಾಕು. ನಾನು ಎರಡನೇ ಸಲ ಹೆದರಿ, ಕಾಳು ಕಾಫಿ ಬೀಜದ ಬಣ್ಣಕ್ಕೆ ಬರುವ ತನಕ ಹುರಿದೆ. ಅದೂ ತಪ್ಪೇ. ಪ್ರೋಟೀನ್ ಕಟ್ಟುವ ಇಟ್ಟಿಗೆಗಳಿಗೆ ಅಮೈನೋ ಆಮ್ಲ ಅನ್ನುತ್ತಾರೆ. ಅತಿ ಬಿಸಿಗೆ ಲೈಸಿನ್ ಎನ್ನುವ ಅಮೈನೋ ಆಮ್ಲ ಕಾಳಿನಲ್ಲೇ ಇರುವ ಸಕ್ಕರೆಗೆ ಅಂಟಿಕೊಳ್ಳುತ್ತದೆ. ಕೋಳಿಯ ಕರುಳಿಗೆ ಅದನ್ನು ಬಿಡಿಸಲು ಬರುವುದಿಲ್ಲ. ಬಂಗಾರದ ಬಣ್ಣ, ಹುರಿದ ಶೇಂಗಾದಂಥ ವಾಸನೆ ಬಂತಾ, ಅಲ್ಲಿಗೆ ಬೆಂಕಿ ಆರಿಸಿ.

ಹಸಿ ಉಳಿದಿದೆಯಾ ಎಂದು ನೋಡಲು ಮನೆಯಲ್ಲೇ ಒಂದು ಪರೀಕ್ಷೆ ಇದೆ. ಎರಡು ಚಮಚ ಸೋಯಾ ಪುಡಿಯನ್ನು ಬಾಟಲಿಗೆ ಹಾಕಿ. ಅರ್ಧ ಚಮಚ ಯೂರಿಯಾ ಕರಗಿಸಿದ ನೀರು ಸುರಿದು ಮುಚ್ಚಳ ಬಿಗಿಯಿರಿ. ಇಪ್ಪತ್ತು ನಿಮಿಷ ಬಿಟ್ಟು ತೆರೆದು ಮೂಸಿ. ಮೂಗಿಗೆ ಬಡಿಯುವಂಥ ಅಮೋನಿಯಾ ವಾಸನೆ ಬಂದರೆ ಕಾಳು ಇನ್ನೂ ಹಸಿ. ಹಸಿ ಕಾಳಿನಲ್ಲಿರುವ ಯೂರಿಯೇಸ್ ಎನ್ನುವ ಕಿಣ್ವ ಯೂರಿಯಾವನ್ನು ಒಡೆದಿದ್ದರಿಂದ ಬರುವ ವಾಸನೆ ಅದು. ಪರೀಕ್ಷೆ ಮುಗಿದ ಮೇಲೆ ಅದನ್ನು ತಿಪ್ಪೆಗೆ ಚೆಲ್ಲಿ, ಯಾವ ಪ್ರಾಣಿಗೂ ಹಾಕಬೇಡಿ. ಒಂದು ಮಾತು ನೆನಪಿರಲಿ: ಸರಿಯಾಗಿ ಬೆಂದದ್ದಕ್ಕೂ ವಾಸನೆ ಬರುವುದಿಲ್ಲ, ಸುಟ್ಟದ್ದಕ್ಕೂ ಬರುವುದಿಲ್ಲ. ಸುಟ್ಟಿದೆಯಾ ಎಂದು ಹೇಳಲು ಲ್ಯಾಬ್ ಬೇಕು. ಅಲ್ಲಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಪ್ರೋಟೀನ್ ಎಷ್ಟು ಕರಗುತ್ತದೆ ಎಂದು ನೋಡುತ್ತಾರೆ. ನೂರಕ್ಕೆ 70ಕ್ಕಿಂತ ಕೆಳಗೆ ಬಂದರೆ ಬೆಂದದ್ದು ಜಾಸ್ತಿ, 85 ದಾಟಿದರೆ ಕಡಿಮೆ. ಬೀದರಿನ ನಂದಿನಗರದ ಪಶುವೈದ್ಯಕೀಯ ಕಾಲೇಜಿನ ಪಶು ಆಹಾರ ವಿಭಾಗದಲ್ಲಿ ಒಮ್ಮೆ ವಿಚಾರಿಸಿ.

ಇನ್ನು ಅಂಗಡಿಯ ಆಹಾರದ ಚೀಲಕ್ಕೆ ಬರೋಣ. ಅದರ ಮೇಲೆ ಬರೆದ "ಪ್ರೋಟೀನ್" ನಿಜವಾಗಿ ಪ್ರೋಟೀನ್ ಅಳೆದು ಬರೆದದ್ದಲ್ಲ. ನೈಟ್ರೋಜನ್ ಅಳೆದು 6.25ರಿಂದ ಗುಣಿಸಿರುತ್ತಾರೆ. ಯೂರಿಯಾದಲ್ಲಿ ನೈಟ್ರೋಜನ್ ನೂರಕ್ಕೆ 46 ಭಾಗ. ಲೆಕ್ಕ ಹಾಕಿ ನೋಡಿ, ಯೂರಿಯಾದ "ಪ್ರೋಟೀನ್" 287 ಆಗುತ್ತದೆ! ಕ್ವಿಂಟಲ್‌ಗೆ ಒಂದೇ ಕಿಲೋ ಯೂರಿಯಾ ಬೆರೆಸಿದರೂ ಚೀಲದ ಅಂಕಿ ಸುಮಾರು ಮೂರು ಮೇಲೇರುತ್ತದೆ, ಕೋಳಿಗೆ ಗುಲಗಂಜಿಯಷ್ಟೂ ಲಾಭವಿಲ್ಲ. ಅಗ್ಗದ ಒಣಮೀನಿನ ಪುಡಿ ತರುವಾಗ ಇದನ್ನು ನೆನೆಸಿಕೊಳ್ಳಿ. ಅದರಲ್ಲಿ ಮರಳು, ಉಪ್ಪು ಕೂಡ ಸೇರಿರಬಹುದು. ಒಂದು ಹಿಡಿ ನೀರಿಗೆ ಹಾಕಿ ಕದಡಿ, ತಳದಲ್ಲಿ ಏನು ಕೂರುತ್ತದೆ ನೋಡಿ.

ಮೋಸ ಇಲ್ಲದ ಚೀಲದಲ್ಲೂ ಅಂಕಿ ಪೂರ್ತಿ ಕಥೆ ಹೇಳುವುದಿಲ್ಲ. ಕೋಳಿಗೆ ಬೇಕಾದದ್ದು ಅಮೈನೋ ಆಮ್ಲಗಳು, ಅದೂ ಲೆಕ್ಕದಂತೆ. ಮನೆಯಲ್ಲಿ ಆರು ಎತ್ತು ಇದ್ದು ನೊಗ ಎರಡೇ ಇದ್ದರೆ, ಎರಡು ಎತ್ತು ಸುಮ್ನೆ ಮೇಯುತ್ತವೆ ಅಲ್ವಾ? ಹಾಗೆಯೇ ಒಂದು ಅಮೈನೋ ಆಮ್ಲ ಕಡಿಮೆ ಬಿದ್ದರೆ ಉಳಿದವು ಕೆಲಸಕ್ಕೆ ಬಾರದೆ ಹೋಗುತ್ತವೆ. ಕೋಳಿಗೆ ಸಾಮಾನ್ಯವಾಗಿ ಮೊದಲು ಕಡಿಮೆ ಬೀಳುವ ನೊಗ ಮೆಥಿಯೊನಿನ್, ಯಾಕೆಂದರೆ ಗರಿಗೆ ಗಂಧಕ ಇರುವ ಅಮೈನೋ ಆಮ್ಲ ಬಹಳ ಬೇಕು. ಹಂದಿಗೆ ಲೈಸಿನ್. ಜೋಳದಲ್ಲಿ ಲೈಸಿನ್ ಕಡಿಮೆ, ಬೇಳೆಯಲ್ಲಿ ಜಾಸ್ತಿ. ಬೇಳೆಯಲ್ಲಿ ಮೆಥಿಯೊನಿನ್ ಕಡಿಮೆ. ಇದೇ ಲೆಕ್ಕಕ್ಕೆ ನಮಗೆ ರೊಟ್ಟಿ ಜೊತೆ ತೊಗರಿ ಬೇಳೆ ಚೆನ್ನಾಗಿ ಹೊಂದುತ್ತದೆ.

ನಾನು 100 ಕಿಲೋ ತತ್ತಿ ಕೋಳಿ ಆಹಾರಕ್ಕೆ 60 ಕಿಲೋ ಗೋವಿನಜೋಳ, 22 ಕಿಲೋ ಸೋಯಾ ಡಿಒಸಿ (ಎಣ್ಣೆ ತೆಗೆದ ಸೋಯಾ ಹಿಂಡಿ), 7 ಕಿಲೋ ಅಕ್ಕಿ ತೌಡು, 9 ಕಿಲೋ ಸುಣ್ಣಕಲ್ಲಿನ ಪುಡಿ, 2 ಕಿಲೋ ಖನಿಜ ಮಿಶ್ರಣ, ಉಪ್ಪು ಇತ್ಯಾದಿ ಹಾಕುತ್ತೇನೆ. ಜೀರ್ಣವಾಗುವ ಲೈಸಿನ್ 700 ಗ್ರಾಂ ಬರಬೇಕು ಎನ್ನುವುದು ನಾನು ಇಟ್ಟುಕೊಂಡ ಗುರಿ. ಸೋಯಾ ಡಿಒಸಿಯಲ್ಲಿ ಲೈಸಿನ್ ಸುಮಾರು 2.8 ಭಾಗ. ಅದರಲ್ಲಿ ನೂರಕ್ಕೆ 89ರಷ್ಟು ದಕ್ಕುತ್ತದೆ, ಅಂದರೆ ಕಿಲೋಗೆ 25 ಗ್ರಾಂ. 22 ಕಿಲೋಗೆ 550 ಗ್ರಾಂ. ಗೋವಿನಜೋಳದಿಂದ 120, ತೌಡಿನಿಂದ 30. ಸರಿಹೋಯಿತು.

ಒಮ್ಮೆ ಸೋಯಾ ತುಟ್ಟಿಯಾದಾಗ ಅದರ ಬದಲು ಅಷ್ಟೇ ಶೇಂಗಾ ಹಿಂಡಿ ಹಾಕಿದೆ. ಆಹಾರದ ಒಟ್ಟು ಪ್ರೋಟೀನ್ 16ರಿಂದ 15ಕ್ಕೆ ಇಳಿಯಿತು ಅಷ್ಟೇ, ಏನಾಗುತ್ತದೆ ಅಂದುಕೊಂಡೆ. ಆದರೆ ಶೇಂಗಾ ಹಿಂಡಿಯಲ್ಲಿ ಲೈಸಿನ್ 1.45 ಭಾಗದ ಆಸುಪಾಸು, ದಕ್ಕುವುದು ಅದರಲ್ಲಿ 80ರಷ್ಟು. ಕಿಲೋಗೆ ಹನ್ನೊಂದೂವರೆ ಗ್ರಾಂ. ಒಟ್ಟು 400 ಗ್ರಾಂ ಮಾತ್ರ! ತತ್ತಿ ಸಣ್ಣದಾದವು, ಆಮೇಲೆ ಕಡಿಮೆಯಾದವು. ಈಗ ಅಂಗಡಿಯಲ್ಲಿ ದರ ಕೇಳಿದ ಕೂಡಲೇ ಮೊಬೈಲಿನಲ್ಲಿ ಭಾಗಿಸಿ ನೋಡುತ್ತೇನೆ. ಉದಾಹರಣೆಗೆ ಸೋಯಾ ಕಿಲೋಗೆ 50 ರೂಪಾಯಿ ಆದರೆ ದಕ್ಕುವ ಲೈಸಿನ್ ಗ್ರಾಂಗೆ 2 ರೂಪಾಯಿ. ಶೇಂಗಾ ಹಿಂಡಿ 40 ಆದರೂ ಗ್ರಾಂಗೆ ಮೂರೂವರೆ ಬೀಳುತ್ತದೆ. ಅಗ್ಗ ಯಾವುದು ಹೇಳಿ. ಶೇಂಗಾ ಹಿಂಡಿಗೆ ಬೂಸ್ಟು ಹಿಡಿದಿದ್ದರೆ ಅಫ್ಲಾಟಾಕ್ಸಿನ್ ಎನ್ನುವ ಬೂಸ್ಟಿನ ವಿಷದ ಭಯ ಬೇರೆ.

ದಕ್ಕುವುದು ಎಂದರೆ ಏನು ಎಂದು ನಮ್ಮ ಮೈದುನ ಕೇಳಿದ. ತಿಂದದ್ದರಲ್ಲಿ ಹಿಕ್ಕೆಗೆ ಹೋದದ್ದನ್ನು ಕಳೆದರೆ ಆಯಿತಲ್ಲ ಎಂದ. ಆಗುವುದಿಲ್ಲ. ಸಣ್ಣ ಕರುಳು ಮುಗಿದ ಮೇಲೆ ಉಳಿದ ಪ್ರೋಟೀನನ್ನು ಹಿಂದಿನ ಕರುಳಿನ ಸೂಕ್ಷ್ಮಜೀವಿಗಳು ತಿನ್ನುತ್ತವೆ, ಕೋಳಿಗೆ ಅದು ಸಿಗುವುದಿಲ್ಲ. ಅದಕ್ಕೇ ತಜ್ಞರು ಸಣ್ಣ ಕರುಳಿನ ಕೊನೆಯಲ್ಲಿ ಅಳೆಯುತ್ತಾರೆ. ನೀವು ಪಟ್ಟಿ ನೋಡುವಾಗ ಆ ಅಂಕಿಯನ್ನೇ ನೋಡಿ.

ನಮ್ಮ ಕಡೆ ಸಿಗುವ ಉಳಿದ ಮಾಲಿನ ಬಗ್ಗೆ ಎರಡು ಮಾತು. ದಾಲ್ ಮಿಲ್ಲಿನ ತೊಗರಿ ಚುನ್ನಿಯಲ್ಲಿ ಹೊಟ್ಟು ಎಷ್ಟಿದೆ ನೋಡಿ, ಹೊಟ್ಟಿನಲ್ಲಿರುವ ಟ್ಯಾನಿನ್ ಎನ್ನುವ ಒಗರು ವಸ್ತು ಪ್ರೋಟೀನ್ ದಕ್ಕದಂತೆ ಮಾಡುತ್ತದೆ. ಕೆಲವು ತಳಿಯ ಕೆಂಪು ಜೋಳಕ್ಕೂ ಈ ತೊಂದರೆ ಇದೆ, ಬಿಳಿಜೋಳ ವಾಸಿ. ಹತ್ತಿಕಾಳ ಹಿಂಡಿ ಯಾದಗಿರಿ ಕಡೆ ಬೇಕಾದಷ್ಟು ಸಿಕ್ಕರೂ ತತ್ತಿ ಕೋಳಿಗೆ ಬೇಡ. ಅದರಲ್ಲಿರುವ ಗಾಸಿಪಾಲ್ ಎನ್ನುವ ವಿಷವಸ್ತು ಲೈಸಿನ್ನನ್ನು ಹಿಡಿದಿಡುತ್ತದೆ, ತತ್ತಿಯ ಹಳದಿಯ ಬಣ್ಣವನ್ನೂ ಕೆಡಿಸುತ್ತದೆ.

ಮೆಥಿಯೊನಿನ್ ಲೆಕ್ಕ ಚಿಕ್ಕದು. ಮೇಲಿನ ಸೋಯಾ ಮಿಶ್ರಣದಲ್ಲಿ 230 ಗ್ರಾಂ ಬರುತ್ತದೆ, ನನಗೆ ಬೇಕಾದದ್ದು 350. ಉಳಿದ 120 ಗ್ರಾಂಗೆ ಡಿಎಲ್ ಮೆಥಿಯೊನಿನ್ ಪುಡಿ ತರುತ್ತೇನೆ. ಅದನ್ನು ನೇರವಾಗಿ ರಾಶಿಗೆ ಚೆಲ್ಲಬೇಡಿ. ಮೊದಲು ಒಂದು ಕಿಲೋ ಜೋಳದ ಹಿಟ್ಟಿನಲ್ಲಿ ಬೆರೆಸಿ, ಆಮೇಲೆ ಹತ್ತು ಕಿಲೋದಲ್ಲಿ, ಕೊನೆಗೆ ಪೂರ್ತಿ ರಾಶಿಯಲ್ಲಿ. ಲೈಸಿನ್ ಪುಡಿ ತಂದರೆ ಅದರಲ್ಲಿ ಲೈಸಿನ್ ಇರುವುದು 78 ಭಾಗ ಮಾತ್ರ, ಲೆಕ್ಕದಲ್ಲಿ ಹಿಡಿಯಿರಿ.

ಬೇಸಿಗೆಯಲ್ಲಿ ಬಿಸಿಲು 42 ದಾಟಿದಾಗ 110 ಗ್ರಾಂ ತಿನ್ನುತ್ತಿದ್ದ ಕೋಳಿ 90ಕ್ಕೆ ಇಳಿಯುತ್ತದೆ. 770 ಮಿಲಿಗ್ರಾಂ ಸಿಗುತ್ತಿದ್ದ ಲೈಸಿನ್ 630 ಆಗುತ್ತದೆ. ಆಗ ಹಿಂಡಿ ಹೆಚ್ಚಿಸಲು ಹೋಗಬೇಡಿ. ಹೆಚ್ಚಾದ ಪ್ರೋಟೀನ್ ಒಡೆಯುವಾಗ ಮೈಯಲ್ಲಿ ಇನ್ನಷ್ಟು ಬಿಸಿ ಹುಟ್ಟುತ್ತದೆ, ನೆಲದ ಹೊಟ್ಟು ಒದ್ದೆಯಾಗಿ ಅಮೋನಿಯಾ ಏಳುತ್ತದೆ. ಹಿಂಡಿ ಇದ್ದಷ್ಟೇ ಇರಲಿ, ಲೈಸಿನ್ ಮತ್ತು ಮೆಥಿಯೊನಿನ್ ಪುಡಿಯಿಂದ ಕೊರತೆ ತುಂಬಿ, ಆಹಾರವನ್ನು ಬೆಳಗಿನ ಐದಕ್ಕೇ ಹಾಕಿ.