ಹಂಚಿಕೆ ಮುಗಿದ ಮೇಲೆ ಕೇಳುವ ಪ್ರಶ್ನೆಗಳು: ನೆರವು ಕಾರ್ಯಕ್ರಮಗಳ ಉಸ್ತುವಾರಿಯಲ್ಲಿ ನನ್ನ ಅನುಭವ

ಹೊಸ ನೆರವು ಕಾರ್ಯಕ್ರಮವೊಂದರ ಉಸ್ತುವಾರಿ, ಮೌಲ್ಯಮಾಪನ ಮತ್ತು ಕಲಿಕೆಯ ಹೊಣೆ ಬಂದಾಗ ನಾನು ಮೊದಲು ಕೈಗೆತ್ತಿಕೊಳ್ಳುವುದು ಕ್ಯಾಲೆಂಡರನ್ನು. ಸೂಚಕಗಳ, ಅಂದರೆ ಕಾರ್ಯಕ್ರಮ ಹೇಗೆ ನಡೆಯುತ್ತಿದೆ ಎಂದು ತೋರಿಸುವ ಅಳತೆಗಳ, ಪಟ್ಟಿಯ ಸರದಿ ಆಮೇಲೆ. ಎರಡನೇ ಸುತ್ತಿನ ಸಾಮಗ್ರಿಗೆ ಆರ್ಡರ್ ಹೋಗುವುದು ಯಾವತ್ತು, ಫಲಾನುಭವಿಗಳ ಪಟ್ಟಿ ಅಂತಿಮವಾಗುವುದು ಯಾವತ್ತು, ಸಮನ್ವಯ ಸಭೆ ಯಾವತ್ತು, ದಾನಿ ಸಂಸ್ಥೆಗೆ ವರದಿ ಯಾವತ್ತು ಎಂದು ಗುರುತು ಹಾಕುತ್ತೇನೆ. ಪ್ರತಿ ದಿನಾಂಕದ ಎದುರು ಆವತ್ತು ಯಾರು ಏನು ತೀರ್ಮಾನಿಸಬೇಕು, ಅವರಿಗೆ ಯಾವ ಮಾಹಿತಿ ಬೇಕು ಎಂದು ಒಂದೊಂದು ಸಾಲು ಬರೆಯುತ್ತೇನೆ. ಯಾವ ತೀರ್ಮಾನಕ್ಕೂ ಬೇಡವಾದ ಪ್ರಶ್ನೆ ಫಾರ್ಮಿನೊಳಗೆ ಬರುವುದಿಲ್ಲ. ಮನೆಮಠ ಕಳೆದುಕೊಂಡವರ ಎದುರು ಕುಳಿತು, ಯಾರೂ ನೋಡದ ಉತ್ತರಕ್ಕಾಗಿ ಅವರ ಅರ್ಧ ಗಂಟೆ ಕಸಿಯುವುದು ಅನ್ಯಾಯ.

ದಿನಗಳನ್ನು ಹಿಂದಿನಿಂದ ಎಣಿಸಬೇಕು. ಆಹಾರ ಸಾಮಗ್ರಿಯ ಆರ್ಡರ್ 25ನೇ ದಿನ ಹೋಗುತ್ತದೆ ಎಂದುಕೊಳ್ಳಿ. 22ನೇ ದಿನದ ಸಂಜೆಗೆ ಫಲಿತಾಂಶ ಕೈಯಲ್ಲಿರಬೇಕು. ತರಬೇತಿಗೆ 2 ದಿನ, ಪ್ರಾಯೋಗಿಕ ಸಮೀಕ್ಷೆಗೆ 1, ಕ್ಷೇತ್ರಕ್ಕೆ 4, ಡೇಟಾ ಶುದ್ಧಿಗೆ 1, ವಿಶ್ಲೇಷಣೆಗೆ 2. ಒಟ್ಟು 10 ದಿನ, ಅಂದರೆ 13ಕ್ಕೆ ಶುರು, 16ರಿಂದ 19ರವರೆಗೆ ಸಂದರ್ಶನ. ಹಂಚಿಕೆ ನಡೆದದ್ದು 10ರಂದಾದರೆ ಇಲ್ಲೊಂದು ತೊಡಕಿದೆ. ಊಟದ ಬಗ್ಗೆ ನಾವು ಕೇಳುವುದು ಕಳೆದ 7 ದಿನಗಳ ಲೆಕ್ಕ. 16ರಂದು ಸಿಕ್ಕ ಕುಟುಂಬದ ಉತ್ತರದಲ್ಲಿ ಹಂಚಿಕೆಗೆ ಮುಂಚಿನ ದಿನವೂ ಬೆರೆತಿರುತ್ತದೆ, 19ರಂದು ಸಿಕ್ಕ ಕುಟುಂಬದ್ದರಲ್ಲಿ ಬೆರೆತಿರುವುದಿಲ್ಲ. ಎರಡನ್ನೂ ಸೇರಿಸಿ ಸರಾಸರಿ ತೆಗೆದರೆ ಅದಕ್ಕೆ ಅರ್ಥವಿಲ್ಲ. ಹಾಗಾಗಿ ಈ ಸುತ್ತಿನಲ್ಲಿ ಪೂರ್ತಿ ಸಿಕ್ಕಿತೇ, ಗುಣಮಟ್ಟ ಹೇಗಿತ್ತು, ಎಷ್ಟು ಹೊತ್ತು ಕಾದಿರಿ, ಯಾರಾದರೂ ಹಣ ಕೇಳಿದರೇ ಎಂಬುದಷ್ಟನ್ನೇ ಕೇಳುತ್ತೇನೆ. ಊಟದ ಪ್ರಶ್ನೆಗಳನ್ನು ಹಂಚಿಕೆಯಾಗಿ 2ರಿಂದ 4 ವಾರದ ನಡುವೆ ಇಡುತ್ತೇನೆ.

ಸೂಚಕಗಳು ಹನ್ನೆರಡು, ಹೆಚ್ಚೆಂದರೆ ಹದಿನೈದು. ಪ್ರತಿ ಸೂಚಕಕ್ಕೂ ಒಂದು ಹಾಳೆ ಮಾಡಿ, ವ್ಯಾಖ್ಯೆ, ಭಾಗಿಸುವ ಸಂಖ್ಯೆ, ಅಳತೆಯ ಘಟಕ, ಮೂಲ, ಎಷ್ಟು ದಿನಕ್ಕೊಮ್ಮೆ, ಯಾರ ಹೊಣೆ ಎಂದು ಬರೆದಿಡುತ್ತೇನೆ. ಜಗಳವಾಗುವುದು ಸಾಮಾನ್ಯವಾಗಿ ವ್ಯಾಖ್ಯೆಯ ಸಾಲಿನಲ್ಲೇ. ಒಂದು ಸಂಸ್ಥೆ ಒಂದೇ ಸೂರಿನಡಿ ಮಲಗುವವರನ್ನು ಕುಟುಂಬವೆಂದು ಎಣಿಸುತ್ತದೆ, ಇನ್ನೊಂದು ಒಂದೇ ಒಲೆಯಲ್ಲಿ ಉಣ್ಣುವವರನ್ನು. ಇದನ್ನು ಮೊದಲ ವಾರ ಇತ್ಯರ್ಥ ಮಾಡದಿದ್ದರೆ ಆರನೇ ತಿಂಗಳು ಸರಿಪಡಿಸಲು ದಾರಿಯಿಲ್ಲ.

ನೀರಿನ ಸೂಚಕವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಮಾನದಂಡದ ಸಂಖ್ಯೆ ಮುಟ್ಟಿಯೂ ಜನರಿಗೆ ನೀರು ಸಾಲದಿರುವುದು ಇಲ್ಲಿ ಸುಲಭವಾಗಿ ಕಣ್ತಪ್ಪುತ್ತದೆ. ನೆರವಿನ ಕನಿಷ್ಠ ಮಟ್ಟಗಳನ್ನು ಹೇಳುವ ಸ್ಫಿಯರ್ ಕೈಪಿಡಿಯ ಪ್ರಕಾರ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, 250 ಜನಕ್ಕೆ ಒಂದು ನಲ್ಲಿ. ಆ 250ರ ಹಿಂದೆ ನಲ್ಲಿಯಿಂದ ನಿಮಿಷಕ್ಕೆ 7.5 ಲೀಟರ್ ಬರುತ್ತದೆ ಎಂಬ ಲೆಕ್ಕವಿದೆ. 250 ಜನಕ್ಕೆ 3,750 ಲೀಟರ್. ಆ ವೇಗದಲ್ಲಿ 500 ನಿಮಿಷ, ಅಂದರೆ ಎಂಟು ಗಂಟೆಗಿಂತ ಸ್ವಲ್ಪ ಹೆಚ್ಚು. ನಿಮಿಷಕ್ಕೆ 4 ಲೀಟರ್ ಮಾತ್ರ ಬರುತ್ತಿದ್ದರೆ ಅದೇ ನೀರಿಗೆ ಹದಿನೈದೂವರೆ ಗಂಟೆಗೂ ಹೆಚ್ಚು ಬೇಕು. ನಲ್ಲಿಗಳ ಸಂಖ್ಯೆ ವರದಿಯಲ್ಲಿ ಸರಿಯಾಗಿಯೇ ಕಾಣುತ್ತದೆ, ಸಾಲಿನ ಕೊನೆಯಲ್ಲಿದ್ದವರು ಖಾಲಿ ಕೊಡ ಹಿಡಿದು ಹಿಂದಿರುಗುತ್ತಾರೆ. ಅದಕ್ಕೆ ನನ್ನ ತಂಡದ ಚೀಲದಲ್ಲಿ 10 ಲೀಟರಿನ ಬಕೆಟ್ ಇರಲೇಬೇಕು. ಅದು 80 ಸೆಕೆಂಡಿನಲ್ಲಿ ತುಂಬಿದರೆ ಸರಿ, 150 ಸೆಕೆಂಡ್ ಹಿಡಿದರೆ ನಿಮಿಷಕ್ಕೆ 4 ಲೀಟರ್ ಎಂದು ತಿಳಿಯಬೇಕು. ಸಾಲು ಅತಿ ಉದ್ದವಿರುವ ಹೊತ್ತಿನಲ್ಲೇ ಅಳೆಯಬೇಕು.

ಮನೆಯಲ್ಲಿ ಕೇಳುವಾಗ ‘ದಿನಕ್ಕೆ ಎಷ್ಟು ಲೀಟರ್ ಬಳಸುತ್ತೀರಿ’ ಎಂದು ಕೇಳಿ ಪ್ರಯೋಜನವಿಲ್ಲ. ಲೀಟರಿನ ಲೆಕ್ಕದಲ್ಲಿ ನೀರು ತರುವವರು ಯಾರಿದ್ದಾರೆ? ನೀರು ತುಂಬುವ ಪಾತ್ರೆಗಳನ್ನು ತೋರಿಸಲು ಹೇಳಿ, ನಿನ್ನೆ ಒಂದೊಂದನ್ನೂ ಎಷ್ಟು ಸಲ ತುಂಬಿದಿರಿ ಎಂದು ಕೇಳಬೇಕು. 20 ಲೀಟರಿನ ಕ್ಯಾನು ಮೂರು ಸಲ, ಮನೆಯಲ್ಲಿ ಐವರು ಎಂದರೆ ತಲೆಗೆ 12 ಲೀಟರ್.

ಆಹಾರದಲ್ಲಿ ಬಳಸುವುದು ವಿಶ್ವ ಆಹಾರ ಕಾರ್ಯಕ್ರಮದ ಫುಡ್ ಕನ್ಸಂಪ್ಷನ್ ಸ್ಕೋರ್. ಎಂಟು ಗುಂಪುಗಳಲ್ಲಿ ಒಂದೊಂದನ್ನೂ ಕಳೆದ 7 ದಿನಗಳಲ್ಲಿ ಎಷ್ಟು ದಿನ ತಿಂದರು ಎಂದು ಕೇಳಿ, ತೂಕದಿಂದ ಗುಣಿಸಿ ಕೂಡಿಸುವುದು. ಧಾನ್ಯ ಮತ್ತು ಗೆಡ್ಡೆಗೆ 2, ಬೇಳೆಕಾಳಿಗೆ 3, ತರಕಾರಿ ಮತ್ತು ಹಣ್ಣಿಗೆ ತಲಾ 1, ಮಾಂಸ, ಮೀನು, ಮೊಟ್ಟೆಗೆ 4, ಹಾಲಿಗೆ 4, ಎಣ್ಣೆ ಮತ್ತು ಸಕ್ಕರೆಗೆ ತಲಾ ಅರ್ಧ. 21ರವರೆಗೆ ‘ಕಳಪೆ’, 35ರವರೆಗೆ ‘ಅಂಚಿನದು’, ಅದರ ಮೇಲೆ ‘ಪರವಾಗಿಲ್ಲ’. ಇಲ್ಲಿ ಎರಡು ತಪ್ಪು ಪದೇ ಪದೇ ಆಗುತ್ತವೆ. ಸಮೀಕ್ಷಕರು ದಿನಗಳ ಬದಲು ಸಲಗಳನ್ನು ಎಣಿಸುತ್ತಾರೆ. ಫಾರ್ಮಿನಲ್ಲಿ 7ಕ್ಕಿಂತ ಹೆಚ್ಚಿನ ಅಂಕಿ ತೆಗೆದುಕೊಳ್ಳದಂತೆ ಕಟ್ಟು ಹಾಕಿದರೂ ಎಲ್ಲಕ್ಕೂ 7 ತುಂಬಿಬಿಡುತ್ತಾರೆ. ಇನ್ನೊಂದು, ರುಚಿಗೆಂದು ಸಾರಿಗೆ ಹಾಕಿದ ಒಣಮೀನಿನ ಚೂರನ್ನು ಮೀನು ತಿಂದ ದಿನವೆಂದು ಬರೆಯುವುದು. ತೂಕ 4 ಆದ್ದರಿಂದ ದಿನವೂ ಹಾಗೆ ಬರೆದರೆ ವಾರಕ್ಕೆ 28 ಅಂಕ ಸುಳ್ಳೇ ಸೇರಿಕೊಳ್ಳುತ್ತದೆ, ಹಸಿದ ಮನೆ ಹೊಟ್ಟೆ ತುಂಬಿದ ಮನೆಯಾಗುತ್ತದೆ. ಅಂಥದ್ದನ್ನು ಮಸಾಲೆಯ ಸಾಲಿಗೆ ಸೇರಿಸಬೇಕು, ಅದಕ್ಕೆ ತೂಕ ಸೊನ್ನೆ.

ಗಡಿಯ ಅಂಕಿಯನ್ನೂ ಯೋಚಿಸಿ ಆರಿಸಬೇಕು. ದಿನವೂ ಧಾನ್ಯ, ಎಣ್ಣೆ, ಸಕ್ಕರೆ ಮಾತ್ರ ತಿನ್ನುವ ಮನೆಗೆ 14, 3.5, 3.5 ಸೇರಿ 21 ಬರುತ್ತದೆ. ವಾರದಲ್ಲಿ ಒಂದು ದಿನ ಸೊಪ್ಪು ಸಿಕ್ಕರೆ ಸಾಕು, ಆ ಮನೆ ‘ಕಳಪೆ’ಯಿಂದ ಮೇಲೇರಿಬಿಡುತ್ತದೆ. ಎಣ್ಣೆ ಸಕ್ಕರೆ ದಿನವೂ ಬಳಕೆಯಲ್ಲಿರುವ ಕಡೆ 28 ಮತ್ತು 42ರ ಗಡಿ ಬಳಸುವುದು ಇದಕ್ಕೇ. ಯಾವ ಗಡಿ ಬಳಸಿದೆವು ಎಂಬುದನ್ನು ವರದಿಯ ಮೊದಲ ಪುಟದಲ್ಲೇ ಬರೆಯುತ್ತೇನೆ, ಮತ್ತು ಮಧ್ಯದಲ್ಲಿ ಬದಲಿಸುವುದಿಲ್ಲ. ಜೊತೆಗೆ ಹಸಿವು ನಿಭಾಯಿಸಲು ಏನು ಮಾಡಿದಿರಿ ಎಂಬ ಐದು ಪ್ರಶ್ನೆಗಳ ಚಿಕ್ಕ ಪಟ್ಟಿಯನ್ನೂ ಇಡುತ್ತೇನೆ. ಅಗ್ಗದ ಆಹಾರಕ್ಕೆ ಇಳಿದದ್ದು, ಸಾಲ ತಂದದ್ದು, ಬಡಿಸುವುದನ್ನು ಕಡಿಮೆ ಮಾಡಿದ್ದು, ಮಕ್ಕಳಿಗಾಗಿ ದೊಡ್ಡವರು ಉಣ್ಣದೆ ಬಿಟ್ಟದ್ದು, ಊಟದ ಹೊತ್ತು ಕಡಿಮೆ ಮಾಡಿದ್ದು. ಮೊದಲ ಅಂಕ ಚೆನ್ನಾಗಿದ್ದು ಎರಡನೆಯದರಲ್ಲಿ ಸಾಲದ ದಿನಗಳು ಹೆಚ್ಚಿದ್ದರೆ ಆ ಮನೆ ಉಣ್ಣುತ್ತಿರುವುದು ಮುಂದಿನ ತಿಂಗಳ ಊಟವನ್ನು. ಒಂದೇ ಅಂಕ ನೋಡಿದವರಿಗೆ ಇದು ಕಾಣುವುದಿಲ್ಲ.

ಫಾರ್ಮನ್ನು ಕೋಬೋ ಅಥವಾ ಓಡಿಕೆ ಎಂಬ, ಫೋನಿನಲ್ಲಿ ಉತ್ತರ ತುಂಬುವ ತಂತ್ರಾಂಶದಲ್ಲಿ ಕಟ್ಟುತ್ತೇನೆ. ಒಟ್ಟು 25 ನಿಮಿಷ ಮೀರಬಾರದು. ‘ಗೊತ್ತಿಲ್ಲ’ ಎಂಬುದಕ್ಕೆ ಅಂಕಿಯ ಅಂಕಣದಲ್ಲಿ 99 ಬರೆಸುವ ರೂಢಿ ಹಲವು ಕಡೆ ಇದೆ, ಅದಕ್ಕೆ ನಾನು ಅವಕಾಶ ಕೊಡುವುದಿಲ್ಲ. ಆ 99 ಸರಾಸರಿಯೊಳಗೆ ನುಸುಳಿ ಎಲ್ಲವನ್ನೂ ಕೆಡಿಸುತ್ತದೆ. ‘ಗೊತ್ತೇ’ ಎಂದು ಮೊದಲು ಕೇಳಿ, ಹೌದು ಎಂದರೆ ಮಾತ್ರ ಅಂಕಿಯ ಅಂಕಣ ತೆರೆಯುವಂತೆ ಮಾಡುವುದು ಕ್ಷೇಮ. ಅಂಗವೈಕಲ್ಯಕ್ಕೆ ವಾಷಿಂಗ್ಟನ್ ಗ್ರೂಪ್ ಎಂಬ ಅಂತರರಾಷ್ಟ್ರೀಯ ಅಂಕಿಅಂಶ ತಜ್ಞರ ಗುಂಪಿನ ಆರು ಪ್ರಶ್ನೆಗಳಿವೆ, ನೋಡಲು, ಕೇಳಲು, ನಡೆಯಲು, ನೆನಪಿಡಲು, ತನ್ನ ಆರೈಕೆ ತಾನು ಮಾಡಿಕೊಳ್ಳಲು, ಮಾತು ಅರ್ಥಮಾಡಿಸಲು ಎಷ್ಟು ಕಷ್ಟ ಎಂದು. ‘ಅಂಗವಿಕಲರಿದ್ದಾರೆಯೇ’ ಎಂದು ನೇರ ಕೇಳಿದರೆ ಹೇಳದೆ ಬಿಡುವವರು ಇಲ್ಲಿ ಹೇಳುತ್ತಾರೆ. ಯಾವುದಾದರೂ ಒಂದರಲ್ಲಿ ‘ತುಂಬ ಕಷ್ಟ’ ಅಥವಾ ‘ಆಗುವುದೇ ಇಲ್ಲ’ ಎಂದರೆ ಎಣಿಕೆಗೆ ಬರುತ್ತಾರೆ.

ಸ್ಯಾಂಪಲ್, ಅಂದರೆ ಎಷ್ಟು ಮನೆ ಆರಿಸಿ ಕೇಳಬೇಕು ಎಂಬ ವಿಷಯ ಬೇಗ ಮುಗಿಸುತ್ತೇನೆ. ಲೆಕ್ಕ ನೂರರಲ್ಲಿ 95 ಸಲ ಸರಿ ಬರಬೇಕು (ಶೇ. 95 ವಿಶ್ವಾಸ), ಶೇಕಡಾವಾರು ಹತ್ತು ಅಂಶ ಆಚೀಚೆಯಾದರೂ ನಡೆಯುತ್ತದೆ ಎಂದರೆ 96 ಮನೆ. ಒಂದೇ ಶಿಬಿರ, 300 ಕುಟುಂಬಗಳ ಪೂರ್ತಿ ಪಟ್ಟಿ ಇದ್ದರೆ 73 ಸಾಕು. ಜನ ಚದುರಿದ್ದು ಕೆಲವೇ ಜಾಗಗಳನ್ನು ಆರಿಸುವುದಾದರೆ ಅಕ್ಕಪಕ್ಕದ ಮನೆಗಳ ಉತ್ತರ ಒಂದೇ ತರಹ ಇರುವುದರಿಂದ ದುಪ್ಪಟ್ಟು ಮಾಡಿ 192, ಸಿಗದವರಿಗೆಂದು ಮೇಲೆ ಶೇ. 10 ಬದಲಿ ಹೆಸರು. ಎರಡು ಶಿಬಿರಗಳನ್ನು ಬೇರೆ ಬೇರೆಯಾಗಿ ಹೇಳಬೇಕೆಂದರೆ 96ನ್ನು ಇಬ್ಭಾಗ ಮಾಡಿದರೆ ಆಗದು, ಪ್ರತಿಯೊಂದಕ್ಕೂ ಅಷ್ಟು ಬೇಕು.

ಆರು ಸಮೀಕ್ಷಕರು ದಿನಕ್ಕೆ ಎಂಟರಂತೆ ನಾಲ್ಕು ದಿನದಲ್ಲಿ 192 ಮುಗಿಸುತ್ತಾರೆ. ಸಾಮಗ್ರಿ ಹಂಚಿದವರನ್ನು ಈ ಕೆಲಸಕ್ಕೆ ಕಳಿಸಲೇಬಾರದು. ಅಕ್ಕಿ ಕೊಟ್ಟ ಕೈಯೇ ಬಂದು ‘ಹೇಗಿತ್ತು’ ಎಂದರೆ ‘ಚೆನ್ನಾಗಿತ್ತು’ ಎಂಬುದಲ್ಲದೆ ಬೇರೆ ಉತ್ತರ ಬರುವುದಿಲ್ಲ. ಪ್ರತಿ ರಾತ್ರಿ ಅಪ್‌ಲೋಡ್ ಆದ ಮೇಲೆ ಸಮೀಕ್ಷಕರ ಹೆಸರಿನ ಪ್ರಕಾರ ಒಂದು ಕೋಷ್ಟಕ ತೆಗೆಯುತ್ತೇನೆ: ಸಂದರ್ಶನದ ಅವಧಿ, ‘ಗೊತ್ತಿಲ್ಲ’ದ ಪ್ರಮಾಣ, ಮುಂದಿನ ಪ್ರಶ್ನೆಗಳ ಗುಚ್ಛ ತೆರೆಯುವ ಪ್ರಶ್ನೆಗಳಿಗೆ ‘ಇಲ್ಲ’ ಎಂದವರ ಪ್ರಮಾಣ. ಮೂರನೇ ದಿನಕ್ಕೆ ಒಬ್ಬರ ಪಟ್ಟಿಯಲ್ಲಿ ಮಾತ್ರ ‘ಇಲ್ಲ’ ಏರುತ್ತಿದ್ದರೆ, ಹತ್ತು ಪ್ರಶ್ನೆ ಉಳಿಸುವ ದಾರಿ ಅವರಿಗೆ ತಿಳಿದಿದೆ ಎಂದರ್ಥ. ಬೈಯುವುದಿಲ್ಲ. ಮರುದಿನ ಅವರ ಜೊತೆ ಮೇಲ್ವಿಚಾರಕರು ಕೂರುತ್ತಾರೆ, ಮನೆಗಳ ಸಂಖ್ಯೆ ಆರಕ್ಕೆ ಇಳಿಯುತ್ತದೆ. ಆಯಾಸವೇ ಹೆಚ್ಚಿನ ತಪ್ಪುಗಳ ಮೂಲ. ಶೇ. 10 ಮನೆಗಳಿಗೆ ಮತ್ತೊಬ್ಬರು ಹೋಗಿ, ಬದಲಾಗಲಾರದ ನಾಲ್ಕೈದು ಪ್ರಶ್ನೆಗಳನ್ನು ಮತ್ತೆ ಕೇಳಿ ಬರುತ್ತಾರೆ.

ಪಾಲುದಾರ ಸಂಸ್ಥೆಗಳ ಅಂಕಿಗಳನ್ನು ಕೂಡಿಸುವುದು ಬೇರೆಯದೇ ಕೆಲಸ. ಯಾರು, ಏನು, ಎಲ್ಲಿ, ಯಾವಾಗ, ಯಾರಿಗೆ ಎಂಬ ಐದು ಅಂಕಣಗಳ ಹಾಳೆಯಲ್ಲಿ ಜಾಗದ ಹೆಸರನ್ನು ಬರೆಯಲು ಬಿಡದೆ, ಪಟ್ಟಿಯಿಂದ ಪಿ-ಕೋಡ್, ಅಂದರೆ ಪ್ರತಿ ಜಾಗಕ್ಕೂ ಕೊಟ್ಟ ಗುರುತು ಸಂಕೇತ, ಆರಿಸುವಂತೆ ಮಾಡಬೇಕು. ಒಂದೇ ಊರು ನಾಲ್ಕು ಕಾಗುಣಿತದಲ್ಲಿ ಬಂದರೆ ಲೆಕ್ಕದಲ್ಲಿ ನಾಲ್ಕು ಊರು. ಇನ್ನು ಒಂದೇ ತಲೆಯನ್ನು ಎರಡೆರಡು ಸಲ ಎಣಿಸುವ ತೊಂದರೆ. ಒಂದು ಜಾಗದ 1,200 ಕುಟುಂಬಗಳಿಗೆ ಒಬ್ಬರು ಕಿಟ್, ಇನ್ನೊಬ್ಬರು ಸಾಬೂನು, ಮತ್ತೊಬ್ಬರು ನಗದು ಕೊಟ್ಟರೆ ‘3,600 ಕುಟುಂಬಗಳಿಗೆ ನೆರವು’ ಎಂದು ವರದಿಯಾಗುತ್ತದೆ. ನೋಂದಣಿ ಪಟ್ಟಿಗಳನ್ನು ಗುರುತು ಸಂಖ್ಯೆಯಿಂದ ಹೊಂದಿಸಲು ಆಗದಿದ್ದಾಗ ಪ್ರತಿ ಜಾಗದಲ್ಲಿ ಅತಿ ದೊಡ್ಡ ಚಟುವಟಿಕೆಯ ಸಂಖ್ಯೆಯನ್ನಷ್ಟೇ ತೆಗೆದುಕೊಳ್ಳುತ್ತೇನೆ. ಇದರಿಂದ ಒಟ್ಟು ಕಡಿಮೆಯಾಗಿ ತೋರಬಹುದು, ಆದರೆ ಉಬ್ಬಿದ ಸಂಖ್ಯೆ ನೋಡಿ ‘ಅಲ್ಲಿ ಸಾಕಷ್ಟಾಗಿದೆ’ ಎಂದು ಮುಂದಿನ ಲಾರಿಯನ್ನು ತಿರುಗಿಸುವುದಕ್ಕಿಂತ ಅದು ವಾಸಿ. ಪಾಲುದಾರರ ಅಂಕಿ ತಪ್ಪೆನಿಸಿದರೂ ನಾನೇ ತಿದ್ದುವುದಿಲ್ಲ. ಪ್ರಶ್ನೆಯೊಂದಿಗೆ ವಾಪಸ್ ಕಳಿಸುತ್ತೇನೆ.

ದೂರುಗಳ ವ್ಯವಸ್ಥೆಯನ್ನೂ ಇದೇ ತಂಡ ನೋಡಿಕೊಳ್ಳುವುದರಿಂದ ಒಂದು ಮಾತು. ಓದು ಬಾರದವರಿರುವ ಕಡೆ ದೂರು ಪೆಟ್ಟಿಗೆ ಇಟ್ಟು ಸುಮ್ಮನಾಗಬಾರದು. ಹಂಚಿಕೆಯ ಜಾಗದಲ್ಲಿ ಒಂದು ಮೇಜು, ಹೆಂಗಸರು ಹೆಂಗಸರೊಡನೆ ಮಾತಾಡುವ ಏರ್ಪಾಡು, ಒಂದು ಫೋನ್ ಸಂಖ್ಯೆ ಬೇಕು. ಒಂದು ತಿಂಗಳಲ್ಲಿ ಒಂದೂ ದೂರು ಬರದಿದ್ದರೆ ನನಗೆ ಗಾಬರಿ. ಸಮೀಕ್ಷೆಯಲ್ಲಿ ‘ದೂರು ಹೇಳುವುದು ಎಲ್ಲಿ ಎಂದು ಗೊತ್ತೇ’ ಎಂಬ ಪ್ರಶ್ನೆ ಇಡುವುದು ಅದಕ್ಕೇ. ಸಿಬ್ಬಂದಿಯಿಂದ ಲೈಂಗಿಕ ಶೋಷಣೆಯಾದ ದೂರು ಸಾಮಾನ್ಯ ಕಡತಕ್ಕೆ ಹೋಗಲೇಬಾರದು. ಕೇಳಿದವರು ಪ್ರಶ್ನೆ ಮಾಡದೆ, ತನಿಖೆಗೆ ಇಳಿಯದೆ, 24 ಗಂಟೆಯೊಳಗೆ ಅದಕ್ಕೆಂದೇ ನೇಮಿಸಿದವರಿಗೆ ತಲುಪಿಸಬೇಕು. ಇದನ್ನು ತರಬೇತಿಯ ಮೊದಲ ಗಂಟೆಯಲ್ಲೇ ಹೇಳುತ್ತೇನೆ.

ಕಲಿಕೆ ಎಂದು ನಾನು ಕರೆಯುವುದು 23ನೇ ದಿನದ ಒಂದೂವರೆ ಗಂಟೆಯ ಸಭೆಯನ್ನು. ಎರಡು ಪುಟ, ಮೂರೇ ಅಂಶ. ಖರೀದಿ ವಿಭಾಗದವರು ಸಭೆಯಲ್ಲಿ ಇರಲೇಬೇಕು, ಇಲ್ಲದಿದ್ದರೆ ಕಿಟ್ ಬದಲಾಗುವುದಿಲ್ಲ. ಪ್ರತಿ ಅಂಶದ ಎದುರು ಏನು ಮಾಡುತ್ತೇವೆ, ಯಾರು, ಯಾವಾಗ ಎಂದು ಅಲ್ಲೇ ಬರೆಸುತ್ತೇನೆ. ‘ಬದಲಿಸುವುದಿಲ್ಲ’ ಎಂಬ ತೀರ್ಮಾನವನ್ನೂ ಕಾರಣ ಸಮೇತ ಬರೆಯುತ್ತೇವೆ. ಮುಂದಿನ ಸಭೆ ಶುರುವಾಗುವುದು ಆ ಹಾಳೆಯಿಂದ. ಉತ್ತರ ಕೊಟ್ಟ ಜನರಿಗೂ ಅದೇ ಮೂರು ಅಂಶ ಮತ್ತು ತೀರ್ಮಾನವನ್ನು ಮುಂದಿನ ಹಂಚಿಕೆಯ ಸಾಲಿನಲ್ಲಿ ಮೈಕಿನಲ್ಲಿ ಓದಿ ಹೇಳಿಸುತ್ತೇನೆ.

ಹೊರಗಿನವರ ಮೌಲ್ಯಮಾಪನ ಬಂದಾಗ ಓಇಸಿಡಿಯ (ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯ) ಆರು ಮೌಲ್ಯಮಾಪನ ಮಾನದಂಡಗಳನ್ನೂ ಕೇಳುವ ಆಸೆಯಾಗುತ್ತದೆ. 2019ರಲ್ಲಿ ‘ಹೊಂದಾಣಿಕೆ’ ಸೇರಿ ಐದಿದ್ದದ್ದು ಆರಾಯಿತು. ಮೂರು ತಿಂಗಳ ತುರ್ತು ಕಾರ್ಯಕ್ರಮಕ್ಕೆ ಎರಡು ಅಥವಾ ಮೂರನ್ನೇ ಆರಿಸಿ ಎಂದು ಹಟ ಹಿಡಿಯುತ್ತೇನೆ. ಮೂರು ತಿಂಗಳಲ್ಲಿ ದೀರ್ಘಕಾಲದ ಪರಿಣಾಮ ಅಳೆಯಲು ಹೊರಟವರಿಗೆ ಸಿಗುವುದು ಊಹೆ ಮಾತ್ರ.

ಕೊನೆಯ ಕೆಲಸ ಅಳಿಸುವುದು. ಹೆಸರು, ಫೋನ್, ಮನೆಯ ಜಿಪಿಎಸ್ ಇರುವ ಕಡತಕ್ಕೆ ಪಾಸ್‌ವರ್ಡ್ ಹಾಕಿ, ಉತ್ತರಗಳ ಕಡತದಿಂದ ಮೊದಲ ರಾತ್ರಿಯೇ ಬೇರ್ಪಡಿಸುತ್ತೇನೆ. ಎರಡಕ್ಕೂ ಕೊಂಡಿ ಒಂದು ಸಂಖ್ಯೆ ಮಾತ್ರ. ಮರುಪರಿಶೀಲನೆ ಮುಗಿದ ಮೇಲೆ ಹೆಸರಿನ ಕಡತ ಯಾವ ದಿನಾಂಕದಂದು ಅಳಿಯಬೇಕು ಎಂಬುದೂ ಮೊದಲ ದಿನದ ಆ ಕ್ಯಾಲೆಂಡರಿನಲ್ಲೇ ಇರುತ್ತದೆ. ಸಮೀಕ್ಷಕರ ಫೋನುಗಳಲ್ಲಿ ಉಳಿದ ಪ್ರತಿಗಳನ್ನು ಅವರು ಸಂಬಳಕ್ಕೆ ಸಹಿ ಹಾಕುವ ಮೊದಲು ಎದುರಲ್ಲೇ ಅಳಿಸಿಸುತ್ತೇನೆ.