ಗುಪ್ತಚರ ವರದಿಯಿಂದ ವಕಾಲತ್ತಿಗೆ, ಅಲ್ಲಿಂದ ನಾಮಪತ್ರಕ್ಕೆ

ರಾಯಚೂರು ಜಿಲ್ಲೆಯಲ್ಲಿ ಗುಪ್ತಚರ ವಿಭಾಗದ ಕೆಲಸ ಅಂದರೆ ಅರ್ಧಕ್ಕರ್ಧ ನೀರಿನ ಕೆಲಸ. ಹೊಸಪೇಟೆಯ ಅಣೆಕಟ್ಟಿನಿಂದ ಹೊರಟ ತುಂಗಭದ್ರಾ ಎಡದಂಡೆ ನಾಲೆ ಸುಮಾರು 227 ಕಿಲೋಮೀಟರ್ ಉದ್ದ. ನಮ್ಮ ಕಡೆ ಬರುವಷ್ಟರಲ್ಲಿ ಅದು ಸೊರಗಿರುತ್ತದೆ. ಮೇಲ್ಭಾಗದಲ್ಲಿ ಲಘು ಬೆಳೆಗೆಂದು ಗುರುತಿಸಿದ ಜಮೀನಿನಲ್ಲೂ ಭತ್ತ ನಿಂತಿರುತ್ತದೆ, ನಾಲೆಗೇ ಪಂಪ್‌ಸೆಟ್ ಇಟ್ಟು ನೀರೆತ್ತುತ್ತಾರೆ. ಮಾನ್ವಿ, ಸಿರವಾರ, ರಾಯಚೂರು ಕಡೆಯ ಕೊನೆ ಭಾಗದ ರೈತರು ನಾಲೆಯ ಮೈಲ್ 104ರಲ್ಲಿ ಗೇಜ್, ಅಂದರೆ ನೀರಿನ ಮಟ್ಟ, ಎಷ್ಟಿದೆ ಎಂದು ದಿನಾ ವಿಚಾರಿಸುತ್ತಾರೆ. ಗೇಜ್ ಬಿತ್ತೆಂದರೆ ರಸ್ತೆ ತಡೆ. ಅದು ಎಲ್ಲಿ, ಎಷ್ಟು ಮಂದಿ ಸೇರುತ್ತಾರೆ, ಮುಂದಾಳು ಯಾರು, ಟ್ರ್ಯಾಕ್ಟರ್ ಯಾವ ಊರಿಂದ ಬರುತ್ತವೆ ಎಂಬುದನ್ನೆಲ್ಲ ಹಿಂದಿನ ದಿನವೇ ಬರೆದು ಮೇಲೆ ಕಳಿಸುವುದು ನನ್ನ ಕೆಲಸವಾಗಿತ್ತು. ಸಬ್‌ಇನ್‌ಸ್ಪೆಕ್ಟರ್ ಆಗಿ ಇಲಾಖೆ ಸೇರಿದವನು, ಸೇವೆಯ ಕೊನೆಯ ಹಲವು ವರ್ಷ ಮಫ್ತಿಯಲ್ಲೇ ಕಳೆದೆ. ನಿವೃತ್ತಿಯಾದ ಮೇಲೆ ಎಲ್‌ಎಲ್‌ಬಿ ಓದಿ ವಕೀಲನಾದೆ. 2023ರಲ್ಲಿ ಪಕ್ಷೇತರನಾಗಿ ವಿಧಾನಸಭೆಗೆ ನಿಂತೆ. ಇಲಾಖೆಯಲ್ಲಿ ಇನ್ನೂ ಇರುವ ಹುಡುಗರು ಸಿಕ್ಕಾಗಲೆಲ್ಲ ‘ಹೆಂಗ್ ಮಾಡಿದ್ರಿ ಸರ್?’ ಎಂದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಯಾಕೆ ಮಾಡಿದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ನನ್ನ ವರದಿ ಮೇಲೆ ಹೋಗುತ್ತಿತ್ತು, ಬಂದೋಬಸ್ತ್ ಬರುತ್ತಿತ್ತು, ನೀರು ಬರುತ್ತಿರಲಿಲ್ಲ. ಗೇಜ್ ಯಾಕೆ ಬಿತ್ತು ಎಂದೂ ಅದೇ ವರದಿಯಲ್ಲಿ ಬರೆಯುತ್ತಿದ್ದೆ. ಅದರ ಮೇಲೆ ಏನಾಯಿತು ಎಂದು ಕೇಳುವ ಹಕ್ಕು ನನಗಿರಲಿಲ್ಲ. ಯಾರ ಬಗ್ಗೆ ಬರೆದೆನೋ ಆ ರೈತ ಅದನ್ನು ಓದುವಂತಿರಲಿಲ್ಲ, ‘ಇದು ಸುಳ್ಳು’ ಎಂದು ತಿರುಗಿ ಹೇಳುವಂತೆಯೂ ಇರಲಿಲ್ಲ. ಗುಪ್ತ ಮಾಹಿತಿ ಬೇಡ ಎಂದು ನಾನು ಹೇಳುತ್ತಿಲ್ಲ. ಗಲಭೆ ತಪ್ಪಿಸಿದ ವರದಿಗಳನ್ನೂ ನಾನೇ ಬರೆದಿದ್ದೇನೆ. ಆದರೆ ಎದುರಿನವನು ಉತ್ತರ ಕೊಡಬಲ್ಲ ಜಾಗದಲ್ಲಿ ನಿಂತು ಕೆಲಸ ಮಾಡಬೇಕು ಎಂಬ ಆಸೆ ಸೇವೆಯಲ್ಲಿದ್ದಾಗಲೇ ಗಟ್ಟಿಯಾಗಿತ್ತು.

ಮೂರು ವರ್ಷದ ಎಲ್‌ಎಲ್‌ಬಿಗೆ 30 ವರ್ಷದ ವಯೋಮಿತಿ ಇದೆ ಎಂದು ಬಹಳ ಜನ ಈಗಲೂ ನಂಬಿದ್ದಾರೆ. ಬಾರ್ ಕೌನ್ಸಿಲ್‌ನ ಆ ಮಿತಿಗೆ 2017ರಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು, ನನ್ನಂಥವರಿಗೆ ದಾರಿಯಾಯಿತು. ಹಾಜರಾತಿ ಶೇ 70 ಕಡ್ಡಾಯ. ಹಾಗಾಗಿ ಡ್ಯೂಟಿ ಮಾಡುತ್ತಲೇ ಹೆಸರಿಗೆ ದಾಖಲಾಗಿ ಓದುವ ಯೋಚನೆ ಇದ್ದರೆ ಬಿಟ್ಟುಬಿಡಿ. ಮುಂದೆ ವಕೀಲಿಕೆಯ ಸನ್ನದು ಪಡೆಯುವಾಗ ಅದೇ ಕುತ್ತಿಗೆಗೆ ಬರುತ್ತದೆ. ಪರೀಕ್ಷೆಗಳನ್ನು ಕನ್ನಡದಲ್ಲೇ ಬರೆದೆ. ಕೊನೆಯ ಸೆಮಿಸ್ಟರ್ ಕೋವಿಡ್‌ನಿಂದಾಗಿ ಮುಂದಕ್ಕೆ ಹೋಯಿತು. ಆಮೇಲೆ ಬೆಂಗಳೂರಿನ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ, ಅಖಿಲ ಭಾರತ ವಕೀಲರ ಪರೀಕ್ಷೆ. ಈ ಪರೀಕ್ಷೆಯಲ್ಲಿ 100 ಪ್ರಶ್ನೆ, ಟಿಪ್ಪಣಿ ಇಲ್ಲದ ಮೂಲ ಕಾಯ್ದೆ ಪುಸ್ತಕ ಒಯ್ಯಬಹುದು. ಹೊಸದಾಗಿ ಬರುವವರಿಗೆ ಈಗೊಂದು ಅನುಕೂಲ ಇದೆ: ನೋಂದಣಿಗೆ 750 ರೂಪಾಯಿಗಿಂತ ಹೆಚ್ಚು, ಪರಿಶಿಷ್ಟ ಜಾತಿ, ಪಂಗಡದವರಿಂದ 125 ರೂಪಾಯಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ ಎಂದು 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ವಯಸ್ಸಿನಲ್ಲಿ ನನಗಿಂತ ಎಷ್ಟೋ ಚಿಕ್ಕವರಾದ ವಕೀಲರೊಬ್ಬರ ಕಚೇರಿಯಲ್ಲಿ ಜೂನಿಯರ್ ಆಗಿ ಕುಳಿತೆ. ಮೊದಲ ದಿನವೇ ಎರಡು ನಿಯಮ ಹಾಕಿಕೊಂಡೆ. ನನ್ನ ವರದಿ ಇರುವ ಯಾವ ಪ್ರಕರಣದಲ್ಲೂ ವಕಾಲತ್ತು ಹಾಕುವುದಿಲ್ಲ. ಅಲ್ಲಿ ನಾನೇ ಸಾಕ್ಷಿಯಾಗಬೇಕಾಗಿ ಬರಬಹುದು, ಹಾಗೆ ಆಗುವ ಕಡೆ ವಕೀಲ ಹಾಜರಾಗಬಾರದು ಎಂದು ವಕೀಲರ ನಡತೆ ನಿಯಮವೇ ಇದೆ. ಎರಡನೆಯದು, ಸೇವೆಯಲ್ಲಿ ತಿಳಿದದ್ದು ಕೋರ್ಟಿನಲ್ಲಿ ನನ್ನ ಬಾಯಿಂದ ಬರಬಾರದು. 1923ರ ಅಧಿಕೃತ ರಹಸ್ಯಗಳ ಕಾಯ್ದೆ ನಿವೃತ್ತಿಯಾದವರನ್ನೂ ಬಿಡುವುದಿಲ್ಲ. ಕಾಯ್ದೆ ಇಲ್ಲದಿದ್ದರೂ ನಾನು ಹಾಗೇ ನಡೆದುಕೊಳ್ಳುತ್ತಿದ್ದೆ.

ಹೆಚ್ಚಾಗಿ ಬಂದದ್ದು ರಸ್ತೆ ತಡೆ ಪ್ರಕರಣಗಳೇ. ಆಗ ಐಪಿಸಿ ಕಲಂ 143 (ಅಕ್ರಮ ಕೂಟ), 341 (ಅಡ್ಡಗಟ್ಟುವುದು), 283 (ಸಾರ್ವಜನಿಕ ದಾರಿಗೆ ಅಡ್ಡಿ), ಜೊತೆಗೆ ಕೂಟದ ಎಲ್ಲರನ್ನೂ ಹೊಣೆ ಮಾಡುವ 149. ಒಂದು ಪ್ರಕರಣದ ಪಾಟೀ ಸವಾಲು ನೆನಪಿದೆ. ದೂರು ಕೊಟ್ಟ ಪೊಲೀಸ್ ಅಧಿಕಾರಿ ಸಾಕ್ಷಿ ಕಟ್ಟೆಯಲ್ಲಿದ್ದರು. ಗುಂಪಿನಲ್ಲಿ ಸುಮಾರು 200 ಜನ ಇದ್ದರೆಂದು ಮುಖ್ಯ ವಿಚಾರಣೆಯಲ್ಲಿ ಹೇಳಿದ್ದರು. ಆರೋಪಿಗಳು ಅದರಲ್ಲಿ ಬೆರಳೆಣಿಕೆಯಷ್ಟು.

‘ಇವರನ್ನು ಮೊದಲೇ ಬಲ್ಲಿರಾ?’

‘ಇಲ್ಲ.’

‘ಹೆಸರು ಹೇಗೆ ಗೊತ್ತಾಯಿತು?’

‘ಬಾತ್ಮೀದಾರರು ತಿಳಿಸಿದರು.’

‘ಇವರು ರಸ್ತೆಯಲ್ಲಿ ಕುಳಿತದ್ದನ್ನು ನೀವು ಕಣ್ಣಾರೆ ಕಂಡಿರಾ?’

ಅವರು ಕಡತದ ಕಡೆ ನೋಡಿದರು. ಬಾತ್ಮೀದಾರ ಯಾರು ಎಂದು ನಾನು ಕೇಳಲಿಲ್ಲ. ಕೇಳಿದರೂ ಪೊಲೀಸ್ ಅಧಿಕಾರಿಯನ್ನು ಅದಕ್ಕೆ ಒತ್ತಾಯಿಸುವಂತಿಲ್ಲ, ಸಾಕ್ಷ್ಯ ಅಧಿನಿಯಮದ 125ನೇ ಕಲಂ ಅವರಿಗೆ ಆ ರಕ್ಷಣೆ ಕೊಟ್ಟಿತ್ತು. ಅದು ಇರಲೇಬೇಕಾದ ರಕ್ಷಣೆ, ಇಲ್ಲದಿದ್ದರೆ ಬಡ ಮನುಷ್ಯನೊಬ್ಬ ಪೊಲೀಸರಿಗೆ ಬಾಯಿ ಬಿಡುವುದೇ ಇಲ್ಲ. ಆದರೆ ಬಾಯಿ ಮಾತಿನ ಸಾಕ್ಷ್ಯ ನೇರವಾಗಿರಬೇಕು, ಕಂಡದ್ದನ್ನು ಕಂಡವನೇ ಹೇಳಬೇಕು ಎಂದು 60ನೇ ಕಲಂ. ಈ ಎರಡು ಕಲಂಗಳ ನಡುವೆಯೇ ನನ್ನ ಹಳೆಯ ಕೆಲಸವೂ ಹೊಸ ಕೆಲಸವೂ ನಿಂತಿದ್ದವು. ಬಾತ್ಮಿಯಿಂದ ತನಿಖೆ ಶುರುವಾಗಲಿ, ಶಿಕ್ಷೆ ಮಾತ್ರ ಅದರಿಂದ ಆಗಕೂಡದು. ಆರೋಪಿಗಳು ಬಿಡುಗಡೆಯಾದರು.

ನಿವೃತ್ತ ಅಧಿಕಾರಿ ಚುನಾವಣೆಗೆ ನಿಲ್ಲಲು ಇಂತಿಷ್ಟು ಕಾಲ ಕಾಯಬೇಕೆಂಬ ಕಾನೂನಿಲ್ಲ. 2022ರಲ್ಲಿ ಸುಪ್ರೀಂ ಕೋರ್ಟ್ ಕೂಡ ಆ ವಿಷಯವನ್ನು ಶಾಸಕಾಂಗಕ್ಕೆ ಬಿಟ್ಟಿತು. ನನ್ನ ಅಭಿಪ್ರಾಯದಲ್ಲಿ ಗುಪ್ತಚರ ವಿಭಾಗದವರಿಗಾದರೂ ಇರಬೇಕು. ಎಲ್ಲ ಪಕ್ಷಗಳ ಒಳಮನೆ ಕಂಡವನು ರಾಜೀನಾಮೆ ಕೊಟ್ಟ ಮರುವಾರ ಒಂದು ಪಕ್ಷದ ವೇದಿಕೆ ಹತ್ತಿದರೆ ಉಳಿದವರು ಇಲಾಖೆಯನ್ನು ನಂಬುವುದು ಹೇಗೆ?

ನಮ್ಮ ಕ್ಷೇತ್ರ ಪರಿಶಿಷ್ಟ ಪಂಗಡಕ್ಕೆ ಮೀಸಲು, ನಾನೂ ಅದೇ ಸಮುದಾಯದವನು. ಹಾಗಾಗಿ ಠೇವಣಿ 10,000 ರೂಪಾಯಿಯ ಬದಲು 5,000. ಪಕ್ಷೇತರನಿಗೆ ಕ್ಷೇತ್ರದ 10 ಮತದಾರರು ಸೂಚಕರಾಗಿ ಬೇಕು. ಹೆಬ್ಬೆಟ್ಟು ಒತ್ತುವವರಿದ್ದರೆ ಚುನಾವಣಾಧಿಕಾರಿ ಅಥವಾ ಚುನಾವಣಾ ಆಯೋಗ ಸೂಚಿಸಿದ ಅಧಿಕಾರಿಯ ಎದುರೇ ಒತ್ತಬೇಕು. ಊರಲ್ಲೇ ಒತ್ತಿಸಿ ತಂದರೆ ನಡೆಯುವುದಿಲ್ಲ. ಚುನಾವಣಾ ಖರ್ಚಿಗೆ ಬೇರೆಯೇ ಬ್ಯಾಂಕ್ ಖಾತೆ, ಅದೂ ನಾಮಪತ್ರದ ಹಿಂದಿನ ದಿನದೊಳಗೆ. ಆಸ್ತಿ, ಸಾಲ, ಪ್ರಕರಣಗಳ ವಿವರ ಕೊಡುವ ನಮೂನೆ 26ರ ಪ್ರಮಾಣಪತ್ರದಲ್ಲಿ ಒಂದು ಅಂಕಣವನ್ನೂ ಖಾಲಿ ಬಿಡಬಾರದು, ಅನ್ವಯಿಸದಿದ್ದರೆ ‘ಅನ್ವಯಿಸುವುದಿಲ್ಲ’ ಎಂದೇ ಬರೆಯಬೇಕು.

ಸರ್ಕಾರಿ ನೌಕರರಾಗಿದ್ದವರು ಒಂದು ಕಾಗದವನ್ನು ಎಲ್ಲಕ್ಕಿಂತ ಮೊದಲು ಹಿಡಿಯಬೇಕು. ಹಿಂದಿನ 10 ವರ್ಷದಲ್ಲಿ ಸರ್ಕಾರಿ ಮನೆಯಲ್ಲಿದ್ದರೆ ಬಾಡಿಗೆ, ಕರೆಂಟು, ನೀರು, ಟೆಲಿಫೋನ್ ಬಾಕಿ ಇಲ್ಲ ಎಂಬ ಪತ್ರ ಲಗತ್ತಿಸಬೇಕು. ನಾನು ಪೊಲೀಸ್ ಕ್ವಾರ್ಟರ್ಸ್‌ನಲ್ಲಿದ್ದವನು. ನಾಮಪತ್ರ ಸಲ್ಲಿಕೆ 2023ರ ಏಪ್ರಿಲ್ 13ರಿಂದ 20ರವರೆಗೆ, ನಡುವೆ ರಜೆ ಬೇರೆ. ಈ ಪತ್ರಕ್ಕೆ ಜನವರಿಯಲ್ಲೇ ಅರ್ಜಿ ಕೊಟ್ಟಿದ್ದರಿಂದ ಬಚಾವಾದೆ. ಒಂದು ಕಚೇರಿ ಬಾಡಿಗೆ ಪುಸ್ತಕ ನೋಡಬೇಕು, ಇನ್ನೊಂದು ಮೀಟರ್ ನಂಬರ್ ಹುಡುಕಬೇಕು. ಇದು ವಾರದೊಳಗೆ ಆಗುವ ಕೆಲಸವಲ್ಲ.

ಪ್ರಚಾರಕ್ಕೆ ಹೋದಾಗ ಮೊದಲು ಎದುರಾದದ್ದು ಅನುಮಾನ. ನಾನು ಚಹಾ ಅಂಗಡಿಗೆ ಹೋದರೆ ಮಾತು ನಿಲ್ಲುತ್ತಿತ್ತು. ಒಂದು ಹಳ್ಳಿಯ ಕಟ್ಟೆಯ ಮೇಲೆ ಹಿರಿಯರೊಬ್ಬರು ಎಲ್ಲರೆದುರೇ ಕೇಳಿದರು: ‘ಆವಾಗ ನಮ್ಮ ಮ್ಯಾಲೆ ಏನ್ ಬರದಿದ್ರಿ, ಅದನ್ನ ಹೇಳ್ರಿ ಮೊದ್ಲ.’

‘ಅದನ್ನ ಹೇಳಾಕ ಬರಂಗಿಲ್ರಿ ಯಜಮಾನ್ರ, ಕಾನೂನು ಕಟ್ಟೈತಿ. ನನ್ನ ಬಗ್ಗೆ ಏನ್ ಬೇಕಾದ್ರೂ ಕೇಳ್ರಿ’ ಎಂದು ನನ್ನ ಪ್ರಮಾಣಪತ್ರದ ಪ್ರತಿ ಕೊಟ್ಟೆ. ನನ್ನ ಜಮೀನು, ಪಿಂಚಣಿ, ಹೆಂಡತಿಯ ಬಂಗಾರ, ಬ್ಯಾಂಕಿನ ಸಾಲ ಎಲ್ಲ ಅದರಲ್ಲಿದ್ದವು. ಆಯೋಗ ಅದನ್ನು ಹೇಗೂ ಜಾಲತಾಣಕ್ಕೆ ಹಾಕುತ್ತದೆ, ಆದರೆ ಹಳ್ಳಿಯಲ್ಲಿ ಅದನ್ನು ನೋಡುವವರು ಕಡಿಮೆ. ಅವರು ಒಬ್ಬ ಹುಡುಗನಿಂದ ಓದಿಸಿದರು. ಸಾಲದ ಸಾಲು ಬಂದಾಗ ಇನ್ನೊಮ್ಮೆ ಓದು ಅಂದರು. ಅಂದಿನಿಂದ ಕರಪತ್ರದ ಜೊತೆ ಆ ಪ್ರತಿಯನ್ನೂ ಹಂಚಿದೆ. ಕೈಗೊಂಡ ಪ್ರಚಾರದಲ್ಲಿ ನನಗೆ ಹೆಚ್ಚು ಮೆಚ್ಚಿಗೆಯಾದ ಕೆಲಸ ಇದೇ.

ಹಳೆಯ ಬಾತ್ಮೀದಾರರನ್ನು ಪ್ರಚಾರಕ್ಕೆ ಬಳಸಲಿಲ್ಲ. ಬಹಳ ಸಲೀಸಾಗಿ ಬಳಸಬಹುದಿತ್ತು. ಒಬ್ಬನಂತೂ ಕತ್ತಲಾದ ಮೇಲೆ ಫೋನ್ ಮಾಡಿ, ‘ಸಾಹೇಬ್ರ, ನಮ್ಮ ಓಣ್ಯಾಗ ಎಲ್ಲಾರ ಮನಿಗೂ ಬರ್ರಿ, ನಮ್ಮನಿಗೆ ಮಾತ್ರ ಬರಬ್ಯಾಡ್ರಿ. ಓಟು ನಾ ಹಾಕತೀನಿ’ ಅಂದ. ನಾನು ಆ ಓಣಿಗೇ ಹೋಗಲಿಲ್ಲ. ಒಂದು ಮನೆಯನ್ನು ಬಿಟ್ಟರೂ, ಹೊಕ್ಕರೂ ಊರು ಲೆಕ್ಕ ಹಾಕುತ್ತದೆ. ನನ್ನನ್ನು ನಂಬಿ ಮಾತಾಡಿದವರ ಹೆಸರು ನನ್ನ ಓಟಿಗಿಂತ ದೊಡ್ಡದು. ಇಲಾಖೆಯ ಹುಡುಗರಿಗೆ ನಾನು ಖಡಾಖಂಡಿತವಾಗಿ ಹೇಳುವುದು ಇದೊಂದನ್ನೇ.

ಮೇ 10ರಂದು ಮತದಾನ. ಎಲ್ಲ ಮತಗಟ್ಟೆಗೂ ಏಜೆಂಟರನ್ನು ಹಾಕುವಷ್ಟು ಜನ ನನ್ನ ಬಳಿ ಇರಲಿಲ್ಲ. ಇದ್ದವರಿಗೆ ಎರಡು ಕೆಲಸ ಕಲಿಸಿದ್ದೆ: ಬೆಳಗಿನ ಅಣಕು ಮತದಾನದ ಹೊತ್ತಿಗೇ ಹಾಜರಿರಬೇಕು, ಮುಗಿದ ಮೇಲೆ ಆ ಮತಗಟ್ಟೆಯಲ್ಲಿ ಬಿದ್ದ ಮತಗಳ ಲೆಕ್ಕವಿರುವ ನಮೂನೆ 17ಸಿ ಪ್ರತಿ ಪಡೆಯದೆ ಹೊರಗೆ ಬರಬಾರದು. ಮೇ 13ರ ಎಣಿಕೆಯಲ್ಲಿ ಸೋತೆ. ಸಿಂಧುವಾದ ಮತಗಳ ಆರನೇ ಒಂದು ಭಾಗ ದಾಟದ ಕಾರಣ ಠೇವಣಿಯೂ ಹೋಯಿತು. ಖರ್ಚಿನ ಮಿತಿ 40 ಲಕ್ಷ, ನನ್ನ ಖರ್ಚು ಅದರ ಹತ್ತಿರಕ್ಕೂ ಹೋಗಿರಲಿಲ್ಲ. ಆದರೂ ಸೋತವರು ಲೆಕ್ಕ ಕೊಡಬೇಕಿಲ್ಲ ಎಂಬ ಮಾತಿಗೆ ಕಿವಿಗೊಡಬೇಡಿ. ಫಲಿತಾಂಶದ 30 ದಿನದೊಳಗೆ ಕೊಡದಿದ್ದರೆ ಆಯೋಗ ಮೂರು ವರ್ಷ ಅನರ್ಹಗೊಳಿಸಬಹುದು. ವೋಚರ್ ಸಮೇತ ಕೊಟ್ಟು ಸ್ವೀಕೃತಿ ಪಡೆದಿಟ್ಟುಕೊಂಡಿದ್ದೇನೆ.

ಕೋರ್ಟಿನ ಕೆಲಸ ಮುಂದುವರಿದಿದೆ. 2024ರ ಜುಲೈ 1ರಿಂದ ಐಪಿಸಿ, ಸಾಕ್ಷ್ಯ ಅಧಿನಿಯಮಗಳ ಜಾಗಕ್ಕೆ ಹೊಸ ಸಂಹಿತೆಗಳು ಬಂದು ಕಲಂಗಳೆಲ್ಲ ಬದಲಾದವು, ಮತ್ತೆ ಓದುತ್ತಿದ್ದೇನೆ. ಅದೇ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟ್ ಕೊಚ್ಚಿಹೋದಾಗ ಕೊನೆ ಭಾಗದವರು ನನ್ನ ಕಚೇರಿಗೇ ಬಂದು ಕುಳಿತರು. ಪ್ರಚಾರದಲ್ಲಿ ನನ್ನನ್ನು ಪ್ರಶ್ನಿಸಿದ್ದ ಆ ಹಿರಿಯರೂ ಇದ್ದರು. ನಾಲೆಗೆ ಎಷ್ಟು ನೀರು ಬಿಡುತ್ತಾರೆ, ಗೇಜ್ ಎಷ್ಟು ನಿಲ್ಲಿಸುತ್ತಾರೆ ಎಂದು ಕೇಳಿ ನೀರಾವರಿ ಅಧಿಕಾರಿಗಳಿಗೆ ಮನವಿ ಬರೆದೆವು. ಓದಿ ಹೇಳಿ, ಅವರು ಬೇಡವೆಂದ ಎರಡು ಸಾಲು ಹೊಡೆದುಹಾಕಿ, ಕೆಳಗೆ ಎಲ್ಲರ ಸಹಿ ಹಾಕಿಸಿದೆ.